ಸೆಕ್ಟರ್ ಫೈವ್ ಖಾಲಿಯಾದಾಗ ಬೆಕ್ಕಿಗೆ ಯಾರು?

ಕೋಲ್ಕತ್ತಾದ ಸೆಕ್ಟರ್ ಫೈವ್ ಹೇಗಿದೆ ಅಂತ ಬೆಂಗಳೂರಿನ ಗೆಳೆಯರು ಕೇಳಿದಾಗ ನಾನು ಹೇಳುವುದು ಇಷ್ಟು: ಎಲೆಕ್ಟ್ರಾನಿಕ್ ಸಿಟಿಯನ್ನು ಎತ್ತಿ ಒಂದು ಹಳೇ ಜೌಗಿನ ಮೇಲೆ ಇಡಿ. ಪ್ರತಿ ಆಫೀಸಿನ ಮುಂದೆ ನಾಲ್ಕು ಊಟದ ಅಂಗಡಿ ಸಾಲಾಗಿ ನಿಲ್ಲಿಸಿ. ಪ್ರತಿ ಅಂಗಡಿಯ ಬೆಂಚಿನ ಕೆಳಗೆ ಎರಡು ನಾಯಿ, ಒಂದು ಬೆಕ್ಕು ಮಲಗಿಸಿ. ಅದೇ ಸೆಕ್ಟರ್ ಫೈವ್. ಹಗಲಿಡೀ ಜಾತ್ರೆ. ಎಸ್‌ಡಿಎಫ್ ಕಟ್ಟಡದ ಸುತ್ತ, ಕಾಲೇಜ್ ಮೋಡ್, ವೆಬೆಲ್ ಮೋಡ್ ಹತ್ತಿರ ಕಾಲಿಡಲು ಜಾಗವಿಲ್ಲ (ಇಲ್ಲಿ ಮೋಡ್ ಅಂದರೆ ರಸ್ತೆ ಕೂಡುವ ಜಾಗ, ನಮ್ಮ ಆಕಾಶದ ಮೋಡ ಅಲ್ಲ). ರಾತ್ರಿ ಒಂಬತ್ತು ದಾಟಿದರೆ ಬಿಕೋ ಎನ್ನುತ್ತದೆ. ದುರ್ಗಾಪೂಜೆಯ ನಾಲ್ಕೈದು ದಿನವಂತೂ ಹಗಲೂ ರಾತ್ರಿಯ ಹಾಗೇ.

ನಮ್ಮ ಮನೆ ಇದರ ಬೆನ್ನಿಗೇ ಇರುವ ಮಹಿಷಬಾಥಾನ್‌ನಲ್ಲಿ. ಬಾಥಾನ್ ಅಂದರೆ ದನ ಕಟ್ಟುವ ಜಾಗವಂತೆ. ಮಹಿಷನ ಹೆಸರಿನ ಮೈಸೂರಿನ ನಾಡಿನವರು ಮಹಿಷನ ಕೊಟ್ಟಿಗೆಗೆ ಬಂದು ಸೇರಿದ್ದೇವೆ ಎಂದು ಮನೆಗೆ ಬಂದ ಕನ್ನಡದವರಿಗೆಲ್ಲ ಹೇಳುತ್ತೇನೆ. ಒಬ್ಬರಾದರೂ ನಗುತ್ತಾರೆ.

ನಮ್ಮ ಬೆಕ್ಕು ಸಿಕ್ಕಿದ್ದೂ ಇಲ್ಲೇ, ಒಂದು ರೋಲ್ ಅಂಗಡಿಯ ಕೆಳಗೆ, ಆರು ವರ್ಷದ ಹಿಂದೆ. ಹೆಂಡತಿ ಪುಟ್ಟಿ ಎಂದು ಹೆಸರಿಟ್ಟಳು. ಬಂಗಾಳಿಗಳ ಕಿವಿಗೆ ಅದು ಪುಂಟಿ. ಪುಂಟಿ ಅಂದರೆ ಬೆರಳುದ್ದದ ಒಂದು ಮೀನು. ಬೆಕ್ಕಿಗೆ ಮೀನಿನ ಹೆಸರಿಟ್ಟ ದಕ್ಷಿಣದವರು ಎಂದು ಇಡೀ ಕಟ್ಟಡಕ್ಕೆ ನಮ್ಮ ಗುರುತು. ಮನೆಯಲ್ಲಿ ಮೀನು ತಿನ್ನುವವಳು ಅವಳೊಬ್ಬಳೇ. ಅವಳ ಪಾತ್ರೆ, ಅವಳ ಒಲೆ ಬಾಲ್ಕನಿಯಲ್ಲಿ.

ಎರಡು ವರ್ಷದಿಂದ ಪುಟ್ಟಿಗೆ ಫಿಟ್ಸ್. ಫೀನೋಬಾರ್ಬಿಟೋನ್ ಎಂಬ ಮಾತ್ರೆಯ ಒಂದು ಚೂರು ಬೆಳಿಗ್ಗೆ ಎಂಟಕ್ಕೆ, ಇನ್ನೊಂದು ರಾತ್ರಿ ಎಂಟಕ್ಕೆ. ಈ ಮಾತ್ರೆಯನ್ನು ಥಟ್ಟನೆ ನಿಲ್ಲಿಸುವ ಹಾಗಿಲ್ಲ, ನಿಲ್ಲಿಸಿದರೆ ಫಿಟ್ಸ್ ಮೊದಲಿಗಿಂತ ಜೋರಾಗಿ ತಿರುಗಿ ಬರಬಹುದು. ಹಾಗಾಗಿ ಊರಿಗೆ ಹೊರಡುವುದೆಂದರೆ ನಮಗೆ ಟಿಕೆಟ್ ಮಾಡಿಸುವುದು ಸುಲಭದ ಭಾಗ. ಅವಳನ್ನು ಜೊತೆಗೆ ಕರೆದೊಯ್ಯೋಣವೆಂದರೆ ಹೌರಾದಿಂದ ಬೆಂಗಳೂರಿಗೆ ಒಂದು ದಿನಕ್ಕೂ ಮೀರಿದ ರೈಲು, ಅಲ್ಲಿಂದ ಸಾಗರಕ್ಕೆ ಇನ್ನೊಂದು ರಾತ್ರಿ. ಫಿಟ್ಸ್ ಇರುವ ಬೆಕ್ಕಿಗೆ ಅದು ಬೇಡ ಎಂದರು ಡಾಕ್ಟರು. ಬೋರ್ಡಿಂಗ್‌ನಲ್ಲಿ ಬಿಡೋಣವೆಂದರೆ ಪೂಜೆಯ ವಾರಕ್ಕೆ ಜುಲೈನಲ್ಲೇ ಜಾಗ ಭರ್ತಿ. ನಮ್ಮ ನವರಾತ್ರಿ, ಅವರ ಪೂಜೆ ಒಂದೇ ವಾರ ಬೀಳುವುದರ ಕಷ್ಟ ಇದು. ನಾವು ಊರಿಗೆ ಹೊರಡುವ ದಿನವೇ ಇಡೀ ಕೋಲ್ಕತ್ತಾ ಕೆಲಸ ಬಿಟ್ಟು ಬೀದಿಗಿಳಿದಿರುತ್ತದೆ. ಮನೆಗೆಲಸದ ಮಾಶಿ ಕ್ಯಾನಿಂಗ್ ಕಡೆಯ ತನ್ನ ಹಳ್ಳಿಗೆ ಹೋಗಿರುತ್ತಾಳೆ.

2025ರಲ್ಲಿ ನಮ್ಮನ್ನು ಉಳಿಸಿದ್ದು ಮೆಟ್ರೋ. ಒಬ್ಬ ಹುಡುಗಿ ಸಿಕ್ಕಿದಳು. ಹಿಂದೆ ಪಶುವೈದ್ಯರ ಕ್ಲಿನಿಕ್ಕಿನಲ್ಲಿ ಸಹಾಯಕಿಯಾಗಿದ್ದವಳು, ಈಗ ಮನೆಮನೆಗೆ ಹೋಗಿ ನಾಯಿ ಬೆಕ್ಕು ನೋಡಿಕೊಳ್ಳುತ್ತಾಳೆ. ಬೆಕ್ಕಿನ ಬಾಯಿಗೆ ಮಾತ್ರೆ ಹಾಕಿ ಅಭ್ಯಾಸವಿದೆ. ಆದರೆ ಮನೆ ಇರುವುದು ಗಂಗೆಯ ಆಚೆ, ಹೌರಾ ಮೈದಾನದ ಹತ್ತಿರ. ಅಲ್ಲಿಂದ ಬಸ್ಸಿನಲ್ಲಿ ದಿನಕ್ಕೆ ಎರಡು ಸಲ ಬಾ ಎಂದು ಕೇಳಲು ಬಾಯಿ ಬರುವುದಿಲ್ಲ. ಆಗಸ್ಟ್ 22ರಂದು ಸಿಯಾಲ್ದಾ–ಎಸ್‌ಪ್ಲನೇಡ್ ನಡುವಿನ ಬಾಕಿ ತುಂಡು ತೆರೆದು, ಹೌರಾ ಮೈದಾನದಿಂದ ಸೆಕ್ಟರ್ ಫೈವ್‌ವರೆಗೆ ಒಂದೇ ರೈಲಾಯಿತು. ನದಿಯ ಅಡಿಯಲ್ಲಿ ಸುರಂಗ. ಸುಮಾರು ಅರ್ಧ ಗಂಟೆಯ ದಾರಿ. ಆಮೇಲೆ ಸ್ಟೇಷನ್ನಿನಿಂದ ನಮ್ಮ ಮನೆಗೆ ಟೋಟೋ. "ಆಗುತ್ತೆ ದಾದಾ, ಬರ್ತೀನಿ" ಅಂದಳು.

ಸೆಪ್ಟೆಂಬರ್ 20, ಶನಿವಾರ ಅವಳನ್ನು ಮನೆ ನೋಡಲು ಕರೆದೆವು. ಇದನ್ನು ನಾನು ಎಲ್ಲರಿಗೂ ಹೇಳುತ್ತೇನೆ: ನೋಡಿಕೊಳ್ಳುವವರು ಬಾಗಿಲಿಗೆ ಬರುವ ಮೊದಲ ದಿನವೇ ನೀವು ಊರಿಗೆ ಹೊರಡುವ ದಿನ ಆಗಬಾರದು. ನಾವು ಸೋಫಾದ ಮೇಲೆ ಸುಮ್ಮನೆ ಕೂತೆವು. ಬೀಗ ತೆಗೆಯುವುದರಿಂದ ಮಾತ್ರೆ ಕೊಡುವವರೆಗೆ ಎಲ್ಲ ಅವಳೇ ಮಾಡಿದಳು. ನಮ್ಮ ಬಾಗಿಲಿನ ಕೀಲಿಯನ್ನು ತಿರುಗಿಸುವಾಗ ಬಾಗಿಲನ್ನು ಸ್ವಲ್ಪ ನಮ್ಮ ಕಡೆಗೆ ಎಳೆದುಕೊಳ್ಳಬೇಕು. ಎಂಟು ವರ್ಷದಿಂದ ಕೈ ತಾನೇ ಮಾಡುತ್ತಿದ್ದ ಕೆಲಸ, ಅವಳು ಐದು ನಿಮಿಷ ಹೊರಗೆ ಒದ್ದಾಡಿದಾಗಲೇ ಅದು ಬರೆದಿಡಬೇಕಾದ ಸಂಗತಿ ಎಂದು ಹೊಳೆದದ್ದು.

ಅವಳು ಮನೆ ನೋಡಿದ ರೀತಿಯೇ ಬೇರೆ. ನಾವು ಹಾಸಿಗೆ, ಆಟಿಕೆ ತೋರಿಸುತ್ತಿದ್ದರೆ ಅವಳು ಬಾತ್‌ರೂಮಿಗೆ ಹೋಗಿ ಮೂಲೆಯ ಬಾಟಲಿ ಎತ್ತಿದಳು. ಫಿನಾಯಿಲ್. ನೆಲ ಒರೆಸಿದ ಮೇಲೆ ಬೆಕ್ಕು ಅದರ ಮೇಲೆ ನಡೆದು ಪಾದ ನೆಕ್ಕಿಕೊಳ್ಳುತ್ತದೆ. ಫೀನಾಲ್ ಜಾತಿಯ ವಸ್ತುವನ್ನು ಬೆಕ್ಕಿನ ಯಕೃತ್ತು ಅರಗಿಸಿಕೊಳ್ಳಲಾರದು. ನಮ್ಮ ಮಾಶಿ ಬರೀ ನೀರಿನಲ್ಲಿ ಒರೆಸುತ್ತಾಳೆ, ಬಾಟಲಿ ಹಿಂದಿನ ಬಾಡಿಗೆದಾರರ ಕಾಲದ್ದು. ಆದರೂ ಅದು ಕಸಕ್ಕೆ ಹೋಯಿತು. ಬೀರುವಿನ ನುಸಿಗುಳಿಗೆಗೂ ಅದೇ ಗತಿ. ಪ್ಯಾರಾಸಿಟಮಾಲ್ ಡಬ್ಬಿ ಮೇಲಿನ ಕಪಾಟಿಗೆ ಹೋಯಿತು: ನಮಗೆ ಜ್ವರ ಇಳಿಸುವ ಒಂದೇ ಒಂದು ಮಾತ್ರೆ ಬೆಕ್ಕಿನ ಪ್ರಾಣ ತೆಗೆಯಬಲ್ಲದು. ಹಬ್ಬದ ಹೂಗುಚ್ಛ ಯಾರಾದರೂ ತಂದುಕೊಟ್ಟರೆ ಅದರಲ್ಲಿ ಲಿಲ್ಲಿ ಇದ್ದರೆ ಒಳಗೆ ತರಬೇಡ ಎಂದು ಅವಳೇ ತನಗೆ ತಾನೇ ಬರೆದುಕೊಂಡಳು. ಲಿಲ್ಲಿಯ ಪರಾಗ ಮೈಗೆ ಅಂಟಿ, ಅದನ್ನು ನೆಕ್ಕಿದರೂ ಬೆಕ್ಕಿನ ಕಿಡ್ನಿ ಹೋಗುತ್ತದೆ. ಕೋಣೆಗಳ ಬಾಗಿಲಿಗೆ ಮರದ ತುಂಡು ಇಡಲು ಹೇಳಿದಳು. ನಮ್ಮದು ನಾಲ್ಕನೇ ಮಹಡಿ, ಸಂಜೆ ಜೌಗಿನ ಕಡೆಯಿಂದ ಗಾಳಿ ನುಗ್ಗುತ್ತದೆ. ಬಾಗಿಲು ಬಡಿದುಕೊಂಡು ಬೆಕ್ಕು ಒಂದು ಕಡೆ, ನೀರು ಮತ್ತು ಮಣ್ಣಿನ ತಟ್ಟೆ ಇನ್ನೊಂದು ಕಡೆ ಆದರೆ ಹನ್ನೆರಡು ಗಂಟೆ ಹಾಗೇ.

ನೀರಿನ ವಿಷಯಕ್ಕೆ ಸಣ್ಣ ಜಗಳವೂ ಆಯಿತು. ನಾನು ಮನೆಯ ತುಂಬ ಬಟ್ಟಲು ಇಡೋಣ ಅಂದೆ. ಅವಳು ಬೇಡ, ಎರಡೇ, ದಿನಕ್ಕೆರಡು ಸಲ ಚೆಲ್ಲಿ ತೊಳೆದು ತುಂಬಿಸುತ್ತೇನೆ ಅಂದಳು. ಪೂಜೆಯ ಹೊತ್ತೆಂದರೆ ಇಲ್ಲಿ ಡೆಂಗಿಯ ಹೊತ್ತು. ಯಾರೂ ಇಲ್ಲದ ಮನೆಯಲ್ಲಿ ಮರೆತುಹೋದ ಒಂದು ಬಟ್ಟಲು ನೀರು ಸಾಕು.

ಆಮೇಲೆ ಅಷ್ಟಮಿಯ ಪ್ರಶ್ನೆ ಬಂತು. ಮಾತ್ರೆ ಪುಟ್ಟಿಯ ಹೊಟ್ಟೆಗೆ ಹೋಗುವುದು ಬೇಯಿಸಿದ ತೇಲಾಪಿಯಾ ಮೀನಿನ ಉಂಡೆಯೊಳಗೆ ಮಾತ್ರ. ಉಪ್ಪು, ಅರಿಶಿನ, ಈರುಳ್ಳಿ ಏನೂ ಹಾಕದೆ, ಮುಳ್ಳು ಬಿಡಿಸಿ. ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಎಲ್ಲ ದಿನ ಸರಿ. ಅಷ್ಟಮಿ ಬೆಳಿಗ್ಗೆ ಅಂಜಲಿ ಆಗೋವರೆಗೂ ನಾನು ಮೀನು ಮುಟ್ಟಲ್ಲ ದಾದಾ" ಅಂದಳು. ಅಷ್ಟಮಿಯ ದಿನ ಸ್ನಾನ ಮಾಡಿ, ಉಪವಾಸವಿದ್ದು, ಪಂಡಾಲಿನಲ್ಲಿ ದೇವಿಗೆ ಪುಷ್ಪಾಂಜಲಿ ಕೊಡುತ್ತಾರೆ. ಬಹಳ ಮನೆಗಳಲ್ಲಿ ಅಂದು ಲೂಚಿ, ಕಡಲೆಬೇಳೆ, ಅಷ್ಟೇ. ಮಾತ್ರೆಗೋ ಎಂಟು ಗಂಟೆ ಎಂದರೆ ಎಂಟು ಗಂಟೆ. ಇಷ್ಟು ಸ್ಪಷ್ಟವಾಗಿ ಮೊದಲೇ ಹೇಳಿದ್ದಕ್ಕೆ ನನಗೆ ಅವಳ ಮೇಲೆ ನಂಬಿಕೆ ಹೆಚ್ಚಾಯಿತು. ಎಲ್ಲಕ್ಕೂ ಆಗಲಿ ಆಗಲಿ ಎನ್ನುವವರನ್ನು ಆಫೀಸಿನಲ್ಲಿ ಸಾಕಷ್ಟು ನೋಡಿದ್ದೇನೆ.

ಎರಡು ದಿನ ಬಿಟ್ಟು, 22ರ ರಾತ್ರಿ, ಮಳೆ ಹಿಡಿಯಿತು. ಬೆಳಗಾಗುವಷ್ಟರಲ್ಲಿ ಕೋಲ್ಕತ್ತಾದಲ್ಲಿ ಸುಮಾರು 250 ಮಿಲಿಮೀಟರ್ ಸುರಿದಿತ್ತು. ನಾನು ಆಗುಂಬೆಯ ಪಕ್ಕದ ಜಿಲ್ಲೆಯವನಲ್ಲ, ಆಗುಂಬೆಯ ಜಿಲ್ಲೆಯವನೇ. ಮಳೆ ನನಗೆ ಹೊಸದಲ್ಲ. ಆದರೆ ಮಲೆನಾಡಿನ ಮಳೆಗೆ ಹರಿದುಹೋಗಲು ಇಳಿಜಾರಿದೆ. ಸಾಲ್ಟ್ ಲೇಕ್ ಅನ್ನುವುದು ಹೆಸರೇ ಹೇಳುವ ಹಾಗೆ ಉಪ್ಪುನೀರಿನ ಜೌಗು, 1960ರ ದಶಕದಲ್ಲಿ ಹೂಗ್ಲಿ ನದಿಯ ಹೂಳನ್ನು ಪೈಪಿನಲ್ಲಿ ತಂದು ತುಂಬಿ ಮಾಡಿದ ನೆಲ. ನಗರದ ನೀರು ಇಳಿದುಹೋಗಬೇಕಾದದ್ದು ನಮ್ಮ ಕಡೆಗೇ, ಪೂರ್ವದ ಜೌಗಿಗೆ. ಅಲ್ಲಿ ನಗರದ ಕೊಳಚೆ ನೀರಿನಲ್ಲೇ ಮೀನು ಸಾಕುತ್ತಾರೆ. 12,500 ಹೆಕ್ಟೇರಿನ ಆ ಪ್ರದೇಶ 2002ರಿಂದ ರಾಮ್ಸಾರ್ ಪಟ್ಟಿಯಲ್ಲಿದೆ. ಪುಟ್ಟಿಯ ತೇಲಾಪಿಯಾ ಬರುವುದೂ ಅಲ್ಲಿಂದಲೇ ಇರಬೇಕು.

ಬೆಳಿಗ್ಗೆ ನಮ್ಮ ಬೀದಿಯಲ್ಲಿ ಮೊಣಕಾಲು ಮೀರಿದ ನೀರು. ನಗರದಲ್ಲಿ ನೀರಿನಲ್ಲಿ ನಡೆದವರು ವಿದ್ಯುತ್ ತಗುಲಿ ಸತ್ತ ಸುದ್ದಿ ಒಂದರ ಹಿಂದೆ ಒಂದು ಬಂತು. ನಾನು ಬಾಲ್ಕನಿಯಲ್ಲಿ ನಿಂತು ಒಂದೇ ಲೆಕ್ಕ ಹಾಕುತ್ತಿದ್ದೆ: ಇದು ಮುಂದಿನ ಮಂಗಳವಾರ ಆಗಿದ್ದರೆ? ನಾವು ಸಾಗರದಲ್ಲಿ, ಹುಡುಗಿ ಹೌರಾದಲ್ಲಿ, ಮಾತ್ರೆ ಮೀನಿನ ಪಕ್ಕದಲ್ಲಿ. ಹಣಕ್ಕೆ ದುಡಿಯುವ ಹುಡುಗಿಗೆ ಕರೆಂಟು ಹರಿಯುವ ನೀರಿನಲ್ಲಿ ಬಾ ಎನ್ನಲು ನಾವು ಯಾರು?

ಅವತ್ತೇ ಹೆಂಡತಿ ಮೆಟ್ಟಿಲಿಳಿದು ಎರಡನೇ ಮಹಡಿಯ ಜೇಠುವಿನ ಬಾಗಿಲು ತಟ್ಟಿದಳು. ಜೇಠು ಅಂದರೆ ದೊಡ್ಡಪ್ಪ. ಎಪ್ಪತ್ತು ದಾಟಿದ ನಿವೃತ್ತ ಮೇಷ್ಟ್ರು, ಒಬ್ಬರೇ ಇರುತ್ತಾರೆ. ಪೂಜೆಗೆ ಎಲ್ಲಿಗೂ ಹೋಗುವುದಿಲ್ಲ. ಅಷ್ಟಮಿಯ ಅಂಜಲಿಯ ಕತೆ ಹೇಳಿದ್ದಕ್ಕೆ ನಕ್ಕರಂತೆ: "ಮಾ, ನಾನು ಕಮ್ಯುನಿಸ್ಟ್. ಪಂಡಾಲಿಗೆ ಹೋಗೋದು ಪಕ್ಕದಲ್ಲಿ ಪಾರ್ಟಿಯ ಪುಸ್ತಕದ ಸ್ಟಾಲಿದೆಯಲ್ಲ, ಅದಕ್ಕೆ. ಅಷ್ಟಮಿಯ ಬೆಳಿಗ್ಗೆ ಮೀನು ಮುಟ್ಟಲು ನನ್ನಷ್ಟು ಯೋಗ್ಯ ಇನ್ಯಾರು?"

ಆಮೇಲಿನ ಮೂರು ದಿನ ಮನೆ ತಯಾರಾದದ್ದು ಎರಡು ಜನಕ್ಕೆ. ಬೀಗದ ಕೀಲಿ ಎರಡು ಜೊತೆ. ಮೀನು ಬೇಯಿಸಿ, ಒಂದೊಂದು ಹೊತ್ತಿನದು ಒಂದೊಂದು ಡಬ್ಬಿಗೆ. ಅದು ಹೋಗಬೇಕಾದದ್ದು ಫ್ರೀಜರಿಗೆ, ಅಂದರೆ ತೆಂಗಿನತುರಿ, ಲೇಕ್ ಮಾರ್ಕೆಟ್ಟಿನಿಂದ ತಂದ ಕಾಫಿಪುಡಿ ಇರುವ ಅದೇ ಫ್ರೀಜರಿಗೆ. ಹೆಂಡತಿ ಒಂದು ರಾತ್ರಿ ಯೋಚಿಸಿ, ತುರಿ ಖಾಲಿ ಮಾಡಿ, ಕಾಫಿಪುಡಿ ಹೊರಗಿಟ್ಟು, ಡಬ್ಬಿಗಳ ಮೇಲೆ ತಾನೇ ಷಷ್ಠಿ, ಸಪ್ತಮಿ, ಅಷ್ಟಮಿ ಎಂದು ಬರೆದು ಜೋಡಿಸಿದಳು. ಕರೆಂಟು ಹೋದರೆ ಇರಲಿ ಎಂದು ಜೇಠುವಿನ ಫ್ರಿಜ್ಜಿನಲ್ಲೂ ಎರಡು.

ಫ್ರಿಜ್ಜಿನ ಬಾಗಿಲಿಗೆ ಒಂದೇ ಹಾಳೆ, ಬಂಗಾಳಿಯಲ್ಲಿ. ಆಫೀಸಿನ ಸಹೋದ್ಯೋಗಿ ಬರೆದುಕೊಟ್ಟಿದ್ದು. ಮಾತ್ರೆ ಉಗುಳಿದಳೋ ನುಂಗಿದಳೋ ಅನುಮಾನ ಬಂದರೆ ಇನ್ನೊಂದು ಕೊಡಬೇಡಿ, ಡಾಕ್ಟರಿಗೆ ಫೋನ್ ಮಾಡಿ. ಫಿಟ್ಸ್ ಬಂದರೆ ಬಾಯಿಗೆ ಕೈ ಹಾಕಬೇಡಿ, ದೀಪ ಆರಿಸಿ, ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ ಬುಟ್ಟಿಗೆ ಹಾಕಿ ಹೊರಡಿ. ಎಲ್ಲಿಗೆ? ಇದಕ್ಕೆ ನಾನು ಒಂದು ಸಂಜೆ ಫೋನಿನಲ್ಲಿ ಕಳೆದೆ. ಪೂಜೆಯ ಪ್ರತಿ ದಿನ ಯಾವ ಕ್ಲಿನಿಕ್ ಎಷ್ಟು ಹೊತ್ತು ತೆರೆದಿರುತ್ತದೆ ಎಂದು ಕೇಳಿ ದಿನಕ್ಕೊಂದರಂತೆ ಬರೆದೆ. ದಾರಿಯನ್ನೂ ಬರೆದೆ. ವಿಐಪಿ ರಸ್ತೆ ಬೇಡ, ಶ್ರೀಭೂಮಿ ಪಂಡಾಲಿನ ಜನ ಅಲ್ಲಿ ಗಾಡಿಯನ್ನು ನಿಲ್ಲಿಸಿಬಿಡುತ್ತಾರೆ. 2021ರಲ್ಲಿ ಅವರು ಬುರ್ಜ್ ಖಲೀಫಾ ಕಟ್ಟಿದ್ದು ನೆನಪಿರಬಹುದು. ನ್ಯೂ ಟೌನ್ ಕಡೆಯ ಕ್ಲಿನಿಕ್ ಆದರೆ ಪಂಡಾಲಿನ ಗಲಾಟೆ ತಪ್ಪುತ್ತದೆ. ಒಂದು ಲಕೋಟೆಯಲ್ಲಿ ಹಣ, ಜೊತೆಗೆ ನಾನು ಫೋನಿಗೆ ಸಿಗದಿದ್ದರೂ ಚಿಕಿತ್ಸೆ ಕೊಡಿ ಎಂದು ಡಾಕ್ಟರಿಗೆ ಸಹಿ ಮಾಡಿದ ಚೀಟಿ. ಸಾಗರದ ನಮ್ಮ ತೋಟದ ಮನೆಯಲ್ಲಿ ನೆಟ್‌ವರ್ಕ್ ಬರುವುದು ಅಂಗಳದ ಒಂದು ಮೂಲೆಯಲ್ಲಿ ಮಾತ್ರ.

ಬೆಕ್ಕಿನ ಬುಟ್ಟಿಯನ್ನು ವಾರದಿಂದ ಹಾಲಿನಲ್ಲೇ ಬಾಯಿ ತೆರೆದು ಇಟ್ಟಿದ್ದೆವು. ಒಳಗೆ ಹೆಂಡತಿಯ ಹಳೇ ಸೀರೆಯ ತುಂಡು. ಹೊರಡುವ ದಿನ ಅಟ್ಟದಿಂದ ಇಳಿಸಿದರೆ ಬೆಕ್ಕು ಮಂಚದ ಕೆಳಗೆ ಮಾಯವಾಗುತ್ತದೆ. ಶುಕ್ರವಾರ ನಾವು ಸೂಟ್‌ಕೇಸ್ ಎಳೆದುಕೊಂಡು ಹೊರಟಾಗ ಅವಳು ಅದರಲ್ಲೇ ಮಲಗಿದ್ದಳು, ತಲೆ ಎತ್ತಿ ನೋಡಲಿಲ್ಲ.

ಕೆಳಗೆ ಟ್ಯಾಕ್ಸಿಗೆ ಕಾಯುವಾಗ ಅಂಗಡಿಗಳವರು ತಟ್ಟೆ ಬಕೆಟ್ಟು ಕಟ್ಟುತ್ತಿದ್ದರು. ಬೆಂಚಿನ ಕೆಳಗಿನ ನಾಯಿಗಳು ಎದ್ದು ನಿಂತಿದ್ದವು. ಇನ್ನು ಹತ್ತು ದಿನ ಇವಕ್ಕೆ ಬಿರಿಯಾನಿಯ ಮೂಳೆ ಹಾಕುವ ಐಟಿಯವರು ಇಲ್ಲ. ಜೇಠುವಿಗೂ ಕಾವಲಿನವನಿಗೂ ಸ್ವಲ್ಪ ಹಣ ಕೊಟ್ಟು, ಒಂದು ಚೀಲ ಅಕ್ಕಿ ಇಟ್ಟು ಬಂದಿದ್ದೆವು. ಆರು ನಾಯಿಗೆ ಆಗುವಷ್ಟು, ಅಷ್ಟೇ. ಸೆಕ್ಟರ್ ಫೈವಿನಲ್ಲಿ ಎಷ್ಟಿವೆಯೋ.

ಊರಿನಲ್ಲಿ ಅಮ್ಮನಿಗೆ ಇದೆಲ್ಲ ವಿಚಿತ್ರ. "ಬೆಕ್ಕಿಗೆ ಸಂಬಳದ ಆಳಾ? ಕೊಟ್ಟಿಗೆಯಲ್ಲಿ ಬಿಟ್ಟರೆ ಇಲಿ ಹಿಡ್ಕೊಂಡು ಇರತ್ತಪ್ಪ" ಅಂದರು. ನಾಲ್ಕನೇ ಮಹಡಿಯಲ್ಲಿ ಕೊಟ್ಟಿಗೆ ಇಲ್ಲಮ್ಮ ಅಂದೆ. ಆದರೂ ಮಂಗಳವಾರ, ಅಷ್ಟಮಿಯ ಬೆಳಿಗ್ಗೆ, ಎಂಟಕ್ಕೆ ಐದು ನಿಮಿಷ ಇರುವಾಗ ನಾನು ಅಂಗಳದ ಮೂಲೆಯಲ್ಲಿ ಫೋನ್ ಹಿಡಿದು ನಿಂತಿದ್ದರೆ ಅವರೂ ಕಾಫಿ ಲೋಟ ಹಿಡಿದು ಬಂದು ಪಕ್ಕದಲ್ಲಿ ನಿಂತರು. ಎಂಟೂ ಹತ್ತಕ್ಕೆ ಜೇಠುವಿನ ಸಂದೇಶ ಬಂತು. ಖಾಲಿ ತಟ್ಟೆಯ ಫೋಟೋ, ಕೆಳಗೆ ಒಂದೇ ಪದ: ಖೇಯೇಛೇ. ತಿಂದಳು.

ಅಮ್ಮ ಕನ್ನಡಕ ಏರಿಸಿ ಫೋಟೋ ನೋಡಿದರು.

"ಮುಳ್ಳು ತೆಗೆದಿದ್ರಂತಾ?" ಅಂದರು.