ಬೆಸಗರಹಳ್ಳಿಗೆ ಬಂದ ಕಾರಿನ ನಾಲ್ಕು ಟೈರುಗಳು

ಮದ್ದೂರೆಂದರೆ ಹೊರಗಿನವರಿಗೆ ವಡೆ. ವಡೆ ತಿಂದು, ಕಾಫಿ ಕುಡಿದು ಮೈಸೂರಿಗೋ ಬೆಂಗಳೂರಿಗೋ ಹೊರಟುಬಿಡುವವರಿಗೆ ಪಟ್ಟಣದ ಉತ್ತರಕ್ಕೆ ಹೋಗುವ ರಸ್ತೆ ಕಣ್ಣಿಗೆ ಬೀಳುವುದಿಲ್ಲ. ಆ ಕಡೆ ಇರುವುದು ಬೆಸಗರಹಳ್ಳಿ, ಮದ್ದೂರು ತಾಲ್ಲೂಕಿನ ಒಂದು ಹೋಬಳಿ ಕೇಂದ್ರ. ವೈದ್ಯರೂ ಕಥೆಗಾರರೂ ಆಗಿದ್ದು 1998ರಲ್ಲಿ ತೀರಿಕೊಂಡ ಡಾ. ಬೆಸಗರಹಳ್ಳಿ ರಾಮಣ್ಣನವರ ಹೆಸರಿನಿಂದ ಕನ್ನಡದ ಓದುಗರಿಗೆ ಪರಿಚಿತವಾದ ಊರು. ದಾರಿಯುದ್ದಕ್ಕೂ ಕಬ್ಬು, ತೆಂಗು, ಹಿಪ್ಪುನೇರಳೆ, ರಾಗಿ. ಕಬ್ಬು ಕಡಿಯುವ ಕಾಲದಲ್ಲಿ ಕೊಪ್ಪದ ಸಕ್ಕರೆ ಕಾರ್ಖಾನೆಗೆ ಹೊರಟ ಟ್ರ್ಯಾಕ್ಟರಿನ ಹಿಂದೆ ಸಿಕ್ಕಿಕೊಂಡಿರೋ, ಅದರ ವೇಗವೇ ನಿಮ್ಮ ವೇಗ.

ಚಕ್ರದ ವಿಚಾರದಲ್ಲಿ ನಮ್ಮ ಸೀಮೆಯವರು ದಡ್ಡರಲ್ಲ. ಮರದ ಗಾಡಿ ಚಕ್ರಕ್ಕೆ ಕಬ್ಬಿಣದ ಪಟ್ಟಿಯನ್ನು ಕೆಂಪಗೆ ಕಾಯಿಸಿ ತೊಡಿಸಿ, ನೀರು ಸುರಿದು ಬಿಗಿ ಮಾಡುವುದನ್ನು ನೋಡಿಯೇ ಎಷ್ಟೋ ಮಕ್ಕಳು ‘ಉಷ್ಣದಿಂದ ಲೋಹಗಳ ಹಿಗ್ಗುವಿಕೆ’ ಎಂಬ ಪಾಠವನ್ನು ನಾನು ಹೇಳುವ ಮೊದಲೇ ಕಲಿತಿದ್ದರು. ಆಮೇಲೆ ಟೈರ್ ಗಾಡಿ ಬಂತು, ಅದರ ಹಿಂದೆಯೇ ಟ್ರ್ಯಾಕ್ಟರ್ ಟ್ರೇಲರ್. ಸವೆದ ಟೈರಿಗೆ ರೀಸೋಲ್ ಹಾಕಿಸಿ ಇನ್ನೆರಡು ಹಂಗಾಮು ಓಡಿಸುವುದು ಇಲ್ಲಿ ಜಿಪುಣತನವಲ್ಲ, ಮನೆವಾರ್ತೆ. ನಿಧಾನವಾಗಿ ಓಡುವ ಬಂಡಿಗೆ ಆ ಲೆಕ್ಕ ಸರಿಯಾಗಿಯೇ ಇದೆ.

ಇಂಥ ಊರಿಗೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ 2024ರಲ್ಲಿ ಒಂದು ಸ್ಪೋರ್ಟ್ಸ್ ಕಾರು ತಂದ. ಬೆಂಗಳೂರಿನಲ್ಲಿ ಕೆಲಸ, ಕೈತುಂಬ ಸಂಬಳ, ಇನ್ನೂ ಮದುವೆಯಿಲ್ಲ. ಎರಡೇ ಸೀಟಿನ ಜರ್ಮನ್ ಕಾರು, ಸೆಕೆಂಡ್ ಹ್ಯಾಂಡ್. ಊರಿನ ಹುಡುಗರು ಸುತ್ತಲೂ ನೆರೆದು ಬಾನೆಟ್ಟು ಮುಟ್ಟಿ ನೋಡಿದರು. ಅಪ್ಪ ಮಾತ್ರ ರೈತನಿಗೆ ಸಹಜವಾಗಿ ಮೊದಲು ಚಕ್ರ ನೋಡಿದ. “ಗೆರೆ ಇನ್ನೂ ಆಳವಾಗೇ ಅವೆ ಮೇಷ್ಟ್ರೇ, ಇವನು ನೋಡಿದ್ರೆ ಹೊಸ ಟೈರು ಹಾಕಿಸ್ಬೇಕು ಅಂತಾನೆ. ನಾಕು ಟೈರಿನ ದುಡ್ಡಿಗೆ ಒಂದು ಜೊತೆ ಎತ್ತು ಬತ್ತವೆ” ಎಂದು ನನ್ನನ್ನು ಪಂಚಾಯ್ತಿಗೆ ಕರೆದ. ತಾಯಿ ಜಗಲಿಯ ಮೇಲೆ ಕುಳಿತು ಕೇಳಿದ್ದು ಬೇರೆಯೇ ಪ್ರಶ್ನೆ: “ಇದು ಎಷ್ಟು ಜೋರಾಗಿ ಓಡ್ತದೆ?” ಮಗ ಉತ್ತರ ಹೇಳಲಿಲ್ಲ.

ಅಪ್ಪ ಹೇಳಿದ್ದು ಸುಳ್ಳಲ್ಲ. ಅಳತೆಪಟ್ಟಿ ಇಟ್ಟು ನೋಡಿದರೆ ಗೆರೆಗಳು ಸುಮಾರು 5 ಮಿಲಿಮೀಟರ್ ಆಳವಿದ್ದವು. ಕಾರಿನ ಟೈರಿಗೆ ನಮ್ಮ ಕಾನೂನು ಕೇಳುವುದು 1.6 ಮಿ.ಮೀ. ಮಾತ್ರ. ಗೆರೆಯ ತಳದಲ್ಲಿ ಅಲ್ಲಲ್ಲಿ ಸಣ್ಣ ದಿಬ್ಬಗಳಿರುತ್ತವೆ. ಟೈರು ಸವೆದು ಆ ದಿಬ್ಬಕ್ಕೆ ಸಮವಾದರೆ ಅದರ ಆಯುಷ್ಯ ಮುಗಿಯಿತೆಂದು ಅರ್ಥ. ಇಲ್ಲಿ ಹಾಗೇನೂ ಆಗಿರಲಿಲ್ಲ. ಆದರೆ ಟೈರಿನ ಪಕ್ಕೆಯಲ್ಲಿ ‘ಡಿಒಟಿ’ ಎಂಬ ಅಕ್ಷರಗಳಿಂದ ಶುರುವಾಗುವ ಸಾಲಿನ ಕೊನೆಗೆ ನಾಲ್ಕು ಅಂಕಿಗಳಿದ್ದವು: 2314. ಮೊದಲ ಎರಡು ವಾರ, ಕೊನೆಯ ಎರಡು ವರ್ಷ. ಅಂದರೆ 2014ನೆಯ ಇಸವಿಯ 23ನೆಯ ವಾರದಲ್ಲಿ ತಯಾರಾದ ಟೈರು. ಹತ್ತು ವರ್ಷದ ಹಳೆಯದು! ಬೆರಳಿನಿಂದ ಪಕ್ಕೆಯನ್ನು ಒತ್ತಿ ನೋಡಿದರೆ ಬೇಸಿಗೆಯ ಕೆರೆಯಂಗಳದ ಹಾಗೆ ಸಣ್ಣ ಸಣ್ಣ ಬಿರುಕುಗಳು.

ರಬ್ಬರಿನ ಉದ್ದನೆಯ ಅಣುಸರಪಳಿಗಳನ್ನು ಗಂಧಕದಿಂದ ಒಂದಕ್ಕೊಂದು ಹೆಣೆದು ಗಟ್ಟಿ ಮಾಡುವ ಉಪಾಯವನ್ನು ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ಕಂಡುಕೊಂಡ. ಆ ಹೆಣಿಗೆಯನ್ನು ಗಾಳಿಯ ಆಮ್ಲಜನಕವೂ ಓಝೋನೂ ವರ್ಷವರ್ಷವೂ ಕೆಡಿಸುತ್ತವೆ. ಬಿಸಿಲು ಸೇರಿದರೆ ಇನ್ನೂ ಬೇಗ. ಇದನ್ನು ತಡೆಯಲೆಂದು ಟೈರಿನಲ್ಲಿ ಮೇಣದಂಥ ವಸ್ತುಗಳನ್ನು ಬೆರೆಸಿರುತ್ತಾರೆ. ಟೈರು ಉರುಳಿ ಬಳುಕಿದಾಗ ಅವು ಮೇಲ್ಮೈಗೆ ಒಸರಿ ಬರುತ್ತವೆ. ನಿಂತೇ ಇರುವ ಕಾರಿನಲ್ಲಿ ಅದೂ ಕಡಿಮೆ. ಸ್ಪೋರ್ಟ್ಸ್ ಕಾರಿನ ವಿಚಿತ್ರವೇ ಇದು. ವಾರಕ್ಕೊಮ್ಮೆ ಹೊರಬರುವ ಕಾರಿನ ಟೈರು ಸವೆಯುವ ಮೊದಲೇ ಮುಪ್ಪಾಗುತ್ತದೆ, ಗೆರೆ ನೋಡಿದವರಿಗೆ ಮಾತ್ರ ಹೊಸದಾಗಿ ಕಾಣುತ್ತದೆ. ಐದು ವರ್ಷ ದಾಟಿದ ಟೈರನ್ನು ವರ್ಷಕ್ಕೊಮ್ಮೆ ತಜ್ಞರಿಗೆ ತೋರಿಸಿ, ಹತ್ತು ವರ್ಷವಾದರೆ ಹೇಗಿದ್ದರೂ ತೆಗೆಯಿರಿ ಎಂದು ಟೈರು ಕಂಪನಿಗಳೇ ಹೇಳುತ್ತವೆ.

ತಾಯಿಯ ಪ್ರಶ್ನೆಗೆ ಮಗನ ಬದಲು ನಾನು ಲೆಕ್ಕ ಹೇಳಿದೆ. ಮುಂದಿನ ಚಕ್ರದ ಅಳತೆ 225/40 ಆರ್ 18. ಟೈರಿನ ಅಗಲ 225 ಮಿ.ಮೀ., ಪಕ್ಕೆಯ ಎತ್ತರ ಅದರ ಶೇ. 40, ‘ಆರ್’ ಎಂದರೆ ರೇಡಿಯಲ್, ಒಳಗಿನ ರಿಮ್ಮು 18 ಇಂಚು. 18 ಇಂಚೆಂದರೆ 457.2 ಮಿ.ಮೀ.; ಪಕ್ಕೆ ಮೇಲೊಂದು ಕೆಳಗೊಂದು ಸೇರಿ 180. ಒಟ್ಟು ವ್ಯಾಸ 637.2 ಮಿ.ಮೀ. ಪೈಯಿಂದ ಗುಣಿಸಿದರೆ ಒಂದು ಸುತ್ತಿಗೆ ಸರಿಸುಮಾರು 2 ಮೀಟರ್. ಗಂಟೆಗೆ 100 ಕಿ.ಮೀ. ವೇಗದಲ್ಲಿ ಚಕ್ರ ಸೆಕೆಂಡಿಗೆ 14 ಸುತ್ತು ಹಾಕುತ್ತದೆ. ಆಗ ಟೈರಿನ ಹೊರಮೈಯ ಪ್ರತಿಯೊಂದು ಗ್ರಾಂ ರಬ್ಬರೂ ತನ್ನ ತೂಕದ ಸುಮಾರು 250 ಪಟ್ಟು ಬಲದಿಂದ ಹೊರಕ್ಕೆ ಕಿತ್ತುಕೊಂಡು ಹೋಗಲು ನೋಡುತ್ತದೆ. ಒಂದು ಗ್ರಾಂ ರಬ್ಬರು ಕಾಲು ಕಿಲೋ ಬೆಲ್ಲದ ಹಾಗೆ ಜಗ್ಗುತ್ತದೆ ಎನ್ನಿ. ವೇಗ ಎರಡರಷ್ಟಾದರೆ ಜಗ್ಗಾಟ ನಾಲ್ಕರಷ್ಟು. (ಪಿ.ಯು. ಓದುವವರು ವೇಗದ ವರ್ಗವನ್ನು ತ್ರಿಜ್ಯದಿಂದ ಭಾಗಿಸಿ ತಾಳೆ ನೋಡಬಹುದು.) ಹತ್ತು ವರ್ಷದ ಬಿರುಕುಬಿಟ್ಟ ಹೆಣಿಗೆಯ ಮೇಲೆ ಈ ಜಗ್ಗಾಟ. ಅಪ್ಪ ಎತ್ತಿನ ಮಾತು ಮತ್ತೆ ಎತ್ತಲಿಲ್ಲ.

ಯಾವ ಟೈರು ತರುವುದೆಂಬ ಪ್ರಶ್ನೆ ಆಮೇಲೆ ಬಂತು, ಮದ್ದೂರಿನ ಟೈರು ಅಂಗಡಿಗೆ ನಾನೂ ಜೊತೆಗೆ ಹೋದೆ. ಮದ್ದೂರು ಈಗ ಮೊದಲಿನಂತಿಲ್ಲ. ಹೊಸ ಹೆದ್ದಾರಿ ಪಟ್ಟಣವನ್ನು ಮೇಲ್ಸೇತುವೆಯಲ್ಲಿ ದಾಟಿಹೋಗುತ್ತದೆ. 1938ರಲ್ಲಿ ಧ್ವಜ ಸತ್ಯಾಗ್ರಹ ನಡೆದ ಶಿವಪುರವನ್ನು ಬಸ್ಸಿನ ಕಿಟಕಿಯಿಂದ ಮಕ್ಕಳಿಗೆ ತೋರಿಸುತ್ತಿದ್ದ ಕಾಲವೂ ಹೋಯಿತು.

ಹುಡುಗನ ಆಸೆ ರೇಸ್ ಟ್ರ್ಯಾಕಿನ ಟೈರಿನ ಮೇಲಿತ್ತು. ಮೆತ್ತನೆಯ ರಬ್ಬರು, ಕಡಿಮೆ ಗೆರೆ, ಒಣ ರಸ್ತೆಯಲ್ಲಿ ಅಂಟಿನಂಥ ಹಿಡಿತ. ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಯಲ್ಲಿ ಓಡಿಸುವವರಿಗೆ ಸರಿ, ನಮ್ಮ ಮಳೆಗಾಲಕ್ಕಲ್ಲ. ಅಪ್ಪ ಅಂಗಡಿಯಲ್ಲಿ ಅತಿ ಅಗ್ಗದ್ದು ಯಾವುದೆಂದು ಕೇಳುತ್ತಿದ್ದ. ಇವೆರಡರ ನಡುವೆ, ರಸ್ತೆಗೆಂದೇ ಮಾಡಿದ ಒಳ್ಳೆಯ ಪರ್ಫಾರ್ಮೆನ್ಸ್ ಟೈರುಗಳಿವೆ. ಹಲವು ಟೈರುಗಳ ಪಕ್ಕೆಯಲ್ಲಿ ‘ಟ್ರೆಡ್‌ವೇರ್’ ಎಂಬ ಸಂಖ್ಯೆ ಇರುತ್ತದೆ. 200ರ ಸುಮಾರಿನದು ಮೆತ್ತಗೆ, ಬೇಗ ಸವೆಯುವಂಥದ್ದು. 500ರ ಕಡೆಯದು ಬಾಳಿಕೆಯದು. 300ರ ಆಸುಪಾಸು ನಮಗೆ ಸಾಕು. ಒದ್ದೆ ರಸ್ತೆಯ ಹಿಡಿತಕ್ಕೆ ಎಎ, ಎ, ಬಿ, ಸಿ ಎಂಬ ದರ್ಜೆಗಳಿವೆ. ಅದರಲ್ಲಿ ಜಿಪುಣತನ ಬೇಡ. ಹಿಮಕ್ಕೂ ಕೆಸರಿಗೂ ಮಾಡಿದ ‘ಎಂ+ಎಸ್’ ಗುರುತಿಗೆ ಮಂಡ್ಯ ಜಿಲ್ಲೆಯಲ್ಲಿ ಕೆಲಸವಿಲ್ಲ.

ಅಳತೆಯ ಮುಂದಿನ ‘88 ವೈ’ ಎಂಬುದನ್ನು ಅಪ್ಪನೇ ಓದಿ ಕೇಳಿದ. 88 ಎಂದರೆ ಒಂದು ಟೈರು 560 ಕಿಲೋ ಹೊರಬಲ್ಲದು. ‘ವೈ’ ಎಂದರೆ ಗಂಟೆಗೆ 300 ಕಿ.ಮೀ. ತಾಳಬಲ್ಲದು. ‘ವಿ’ ಆದರೆ 240, ‘ಎಚ್’ ಆದರೆ 210. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಕಾರಿಗೆ ಮಿತಿ 100. 130 ಮೀರಿದವರ ಮೇಲೆ ಎಫ್.ಐ.ಆರ್. ಹಾಕುವ ಕ್ರಮ 2024ರ ಆಗಸ್ಟ್‌ನಿಂದ ಬಂದಿದೆ. ಹಾಗಿರುವಾಗ 300ರ ಟೈರು ಯಾಕೆ? ನ್ಯಾಯವಾದ ಪ್ರಶ್ನೆ. ಆ ಅಕ್ಷರ ಓಡಿಸಲು ಕೊಟ್ಟ ಪರವಾನಗಿಯಲ್ಲ, ಶಾಖ ತಾಳುವ ಶಕ್ತಿಯ ಗುರುತು. ಕಾರಿನ ತಯಾರಕರು ಬಾಗಿಲ ಕಂಬದ ಚೀಟಿಯಲ್ಲಿ ಬರೆದಿರುವುದಕ್ಕಿಂತ ಕೆಳಗಿನದನ್ನು ಹಾಕಬಾರದು, ಅಷ್ಟೆ.

ಹಿಂದಿನ ಚಕ್ರದ ಅಳತೆ ಬೇರೆ: 255/35 ಆರ್ 18. ಲೆಕ್ಕ ಹಾಕಿದರೆ ವ್ಯಾಸ 635.7 ಮಿ.ಮೀ. ಅಗಲ ಹೆಚ್ಚಿಸಿ, ಪಕ್ಕೆ ತಗ್ಗಿಸಿ, ಎತ್ತರವನ್ನು ಹೆಚ್ಚುಕಡಿಮೆ ಅಷ್ಟೇ ಉಳಿಸಿದ್ದಾರೆ! ಅಗಲವಾದರೆ ನೆಲಕ್ಕೆ ತಾಗುವ ಜಾಗ ಜಾಸ್ತಿ ಎಂದು ನಾವೆಲ್ಲ ಅಂದುಕೊಳ್ಳುತ್ತೇವೆ. ಒಂದು ಚಕ್ರದ ಮೇಲೆ 400 ಕಿಲೋ, ಒಳಗಿನ ಒತ್ತಡ 33 ಪೌಂಡು, ಅಂದರೆ ಚದರ ಸೆಂಟಿಮೀಟರಿಗೆ 2.3 ಕಿಲೋ. ಭಾಗಿಸಿದರೆ 174 ಚದರ ಸೆಂ.ಮೀ. ಟೈರು ಅಗಲವಿರಲಿ, ಸಣ್ಣದಿರಲಿ, ತೂಕವೂ ಒತ್ತಡವೂ ಅಷ್ಟೇ ಇದ್ದರೆ ಜಾಗವೂ ಸುಮಾರು ಅಷ್ಟೇ. ಆಕಾರ ಮಾತ್ರ ಬದಲಾಗಿ ಅಡ್ಡಕ್ಕೆ ಹರಡುತ್ತದೆ. ತಿರುವಿನಲ್ಲಿ ಅದು ಅನುಕೂಲ. ಒಂದೂವರೆ ಪೋಸ್ಟ್ ಕಾರ್ಡಿನಷ್ಟೂ ಇಲ್ಲದ ಇಂಥ ನಾಲ್ಕು ತುಂಡುಗಳ ಮೇಲೆ ಮಗನ ಪ್ರಾಣ ನಿಂತಿರುತ್ತದೆ ಎಂದಾಗ ಅಪ್ಪ ತನ್ನ ಅಂಗೈಯನ್ನು ತಾನೇ ನೋಡಿಕೊಂಡ.

ಈ ಕಾರಿಗೆ 17 ಇಂಚಿನ ರಿಮ್ಮಿಗೆ 225/45ರ ಟೈರನ್ನೂ ತಯಾರಕರು ಒಪ್ಪಿದ್ದಾರೆ. ವ್ಯಾಸ 634.3, ವೇಗಮಾಪಕಕ್ಕೆ ವ್ಯತ್ಯಾಸವೇ ತಿಳಿಯದು. ಪಕ್ಕೆ 101 ಮಿ.ಮೀ.; ಈಗಿನದು 90. ಊರಿನ ರಸ್ತೆಯ ಗುಂಡಿ, ಉಬ್ಬುಗಳಿಗೆ ಆ ಹನ್ನೊಂದು ಮಿ.ಮೀ. ರಬ್ಬರು ದೊಡ್ಡ ಉಪಕಾರ. ನಾಲ್ಕೂ ಒಂದೇ ಅಳತೆಯಾದ್ದರಿಂದ ಹಿಂದೆ ಮುಂದೆ ಬದಲಿಸಿ ಸಮನಾಗಿ ಸವೆಸಬಹುದು, ಬೆಲೆಯೂ ಕಡಿಮೆ. ಹೊಸ ರಿಮ್ಮುಗಳ ಬೆಲೆ ಕೇಳಿದ ಹುಡುಗ 18ರಲ್ಲೇ ಉಳಿದ. ನನ್ನ ಮತ ಈಗಲೂ 17ಕ್ಕೇ.

ಈ ಕಾರಿಗೆ ಸ್ಟೆಪ್ನಿಯೇ ಇಲ್ಲ. ಅದರ ಬದಲು ರನ್‌ಫ್ಲ್ಯಾಟ್ ಎಂಬ ಗಡುಸು ಪಕ್ಕೆಯ ಟೈರು. ಗಾಳಿ ಹೋದರೂ ಗಂಟೆಗೆ 80 ಕಿ.ಮೀ. ಮೀರದಂತೆ ಸುಮಾರು 80 ಕಿ.ಮೀ. ದೂರ ಹೋಗಬಹುದು. ಸವಾರಿ ಒರಟು, ಬೆಲೆ ಹೆಚ್ಚು. ಸಾಮಾನ್ಯ ಟೈರು ಹಾಕಿಸಿ ಪಂಕ್ಚರ್ ಕಿಟ್ಟು ಇಟ್ಟುಕೊಳ್ಳಿ ಎಂದು ಅಂಗಡಿಯವರ ಸಲಹೆ. ಆದರೆ ರಾತ್ರಿ ಹೊತ್ತು ಹೆದ್ದಾರಿಯ ಅಂಚಿನಲ್ಲಿ ಕುಳಿತು ಚಕ್ರ ನೋಡುವುದು ಎಷ್ಟು ಅಪಾಯವೆಂದು ಈ ಕಡೆಯವರಿಗೆ ಹೇಳಬೇಕಾಗಿಲ್ಲ. ರನ್‌ಫ್ಲ್ಯಾಟೇ ಇರಲಿ ಎಂದೆ. ತಾಯಿಯನ್ನು ಕೇಳಿದ್ದರೂ ಅದನ್ನೇ ಹೇಳುತ್ತಿದ್ದರು.

ಆ ಹೆದ್ದಾರಿಯನ್ನು 2023ರ ಮಾರ್ಚ್ 12ರಂದು ಪ್ರಧಾನಿಯವರು ಮಂಡ್ಯ ಜಿಲ್ಲೆಯ ಗೆಜ್ಜಲಗೆರೆಯಲ್ಲಿ ಉದ್ಘಾಟಿಸಿದರು. ಅದೇ ವಾರ ಸುರಿದ ಮಳೆಗೆ ರಾಮನಗರದ ಬಳಿ ನೀರು ನಿಂತು ವಾಹನಗಳು ಕೆಟ್ಟು ನಿಂತವು. ನಿಂತ ನೀರಿನ ಮೇಲೆ ವೇಗವಾಗಿ ಹೋದರೆ ಟೈರು ನೆಲ ಬಿಟ್ಟು ನೀರಿನ ಪದರದ ಮೇಲೆ ತೇಲುತ್ತದೆ. ಸ್ಟಿಯರಿಂಗೂ ಇಲ್ಲ, ಬ್ರೇಕೂ ಇಲ್ಲ. ವಿಮಾನದ ಚಕ್ರಗಳಿಗಾಗಿ ನಾಸಾದವರು 1960ರ ದಶಕದಲ್ಲಿ ಕಂಡುಕೊಂಡ ಸೂತ್ರದ ಪ್ರಕಾರ ಈ ವೇಗ ಗಾಳಿಯ ಒತ್ತಡದ ವರ್ಗಮೂಲವನ್ನು ಅವಲಂಬಿಸಿದೆ. 33 ಪೌಂಡಿಗೆ ಸುಮಾರು 96 ಕಿ.ಮೀ., ಗಾಳಿ 24ಕ್ಕೆ ಇಳಿದರೆ 82. ನುಣುಪಾದ ಟೈರಿಗೆ ಹೇಳಿದ ಲೆಕ್ಕವಿದು. ಗೆರೆಗಳು ಆಳವಾಗಿದ್ದರೆ ನೀರಿಗೆ ಹರಿದುಹೋಗಲು ದಾರಿ ಸಿಕ್ಕಿ ಸ್ವಲ್ಪ ರಕ್ಷಣೆ ಉಂಟು. ಅಗಲವಾದ ಟೈರು ಇಲ್ಲಿ ಅನನುಕೂಲ. ಒಣ ರಸ್ತೆಯಲ್ಲಿ 100ರಿಂದ ನಿಲ್ಲಲು 50 ಮೀಟರ್ ಬೇಕಾದ ಕಾರಿಗೆ ಹಿಡಿತ ಅರ್ಧಕ್ಕಿಳಿದ ಒದ್ದೆ ರಸ್ತೆಯಲ್ಲಿ 100 ಮೀಟರ್ ಬೇಕು. ಕಾಲು ಬ್ರೇಕಿನ ಮೇಲೆ ಹೋಗುವ ಒಂದು ಸೆಕೆಂಡಿಗೆ ಮತ್ತೆ 28 ಮೀಟರ್ ಸೇರಿಸಿ.

ಎರಡೇ ಟೈರು ಹಾಕಿಸೋಣವೇ ಎಂದು ಕೊನೆಗೂ ಅಪ್ಪ ಚೌಕಾಸಿ ಮಾಡಿದ. ಟೈರುಗಳು ಸವೆದಿದ್ದರೆ ಆಗಬಹುದಿತ್ತು. ಆಗಲೂ ಹೊಸ ಜೋಡಿ ಹಿಂದಿನ ಚಕ್ರಕ್ಕೇ, ಏಕೆಂದರೆ ಹಿಂಭಾಗ ಜಾರಿದ ಕಾರನ್ನು ಹಿಡಿದು ನಿಲ್ಲಿಸುವುದು ಪಳಗಿದವರಿಗೂ ಕಷ್ಟ. ಇಲ್ಲಿ ನಾಲ್ಕೂ ಒಂದೇ ವಯಸ್ಸಿನ ಮುದುಕರು. ನಾಲ್ಕನ್ನೂ ತರಿಸಬೇಕಾಯಿತು. ಮೈಸೂರಿನಿಂದ ಬರಲು ಮೂರು ದಿನವಾಯಿತು. ಟೈರಿನ ಊರು ಎಂದರೆ ನಮಗೆ ಮೈಸೂರೇ. ರಾಜ್ಯ ಸರ್ಕಾರದ ಸಹಭಾಗಿತ್ವದಲ್ಲಿ ಶುರುವಾದ ಮೇಟಗಳ್ಳಿಯ ವಿಕ್ರಾಂತ್ ಟೈರ್ಸ್ 1997ರಲ್ಲಿ ಜೆ.ಕೆ. ಟೈರ್‌ನವರ ಕೈಗೆ ಹೋಯಿತಾದರೂ ಹಳಬರ ಬಾಯಲ್ಲಿ ಇನ್ನೂ ‘ವಿಕ್ರಾಂತ್’ ಆಗಿಯೇ ಉಳಿದಿದೆ.

ಬಂದ ಟೈರುಗಳಲ್ಲಿ ಮೊದಲು ನೋಡಿದ್ದು ಐ.ಎಸ್.ಐ. ಗುರುತು ಮತ್ತು ಆ ನಾಲ್ಕು ಅಂಕಿ. ತಯಾರಾಗಿ ಆರು ತಿಂಗಳಾಗಿತ್ತು, ಅಡ್ಡಿಯಿಲ್ಲ. ‘ಔಟ್‌ಸೈಡ್’ ಎಂದು ಬರೆದ ಮೈ ಹೊರಗೇ ಇರಬೇಕು; ಗಡಿಬಿಡಿಯ ಅಂಗಡಿಗಳಲ್ಲಿ ಇದು ತಿರುಗುಮುರುಗಾಗುವುದುಂಟು. ಸಾರಜನಕ ತುಂಬಿಸಲೇ ಎಂದರು. ಮಾಮೂಲಿ ಗಾಳಿಯಲ್ಲೇ ಶೇ. 78 ಅದೇ ಇದೆ, ಬೇಡ ಎಂದೆ. ಒತ್ತಡ ನೋಡುವುದು ಬೆಳಿಗ್ಗೆ, ಟೈರು ತಣ್ಣಗಿರುವಾಗ. 27 ಡಿಗ್ರಿಯಲ್ಲಿ 33 ಇದ್ದದ್ದು ಓಡಿ ಓಡಿ 57 ಡಿಗ್ರಿಗೆ ಕಾದರೆ ಸುಮಾರು 38 ತೋರಿಸುತ್ತದೆ. ಜಾಸ್ತಿಯಾಯಿತೆಂದು ಗಾಳಿ ಬಿಟ್ಟವರು ಮರುದಿನ ಬೆಳಿಗ್ಗೆ ಕಡಿಮೆ ಗಾಳಿಯಲ್ಲಿ ಹೊರಡುತ್ತಾರೆ, ಮೊನ್ನೆ ಹೇಳಿದ ತೇಲಾಟಕ್ಕೆ ಅದೇ ಆಹ್ವಾನ.

ಹೊಸ ಟೈರಿನ ಮೈಮೇಲೆ ಅಚ್ಚಿನಿಂದ ಬಿಡಿಸಲು ಬಳಸಿದ ಜಾರುವಸ್ತು ಅಂಟಿರುತ್ತದೆ. ಅದು ಸವೆಯುವವರೆಗೆ, ಮೊದಲ ಕೆಲವು ನೂರು ಕಿಲೋಮೀಟರು, ಜೋರಾಗಿ ತಿರುಗಿಸುವುದಾಗಲಿ ಗಕ್ಕನೆ ಬ್ರೇಕು ಹಾಕುವುದಾಗಲಿ ಕೂಡದು ಎಂದು ಹುಡುಗನಿಗೆ ಹೇಳಿದೆ. ಹೆದ್ದಾರಿ ಹತ್ತದೆ ಹಳ್ಳಿ ರಸ್ತೆಗಳಲ್ಲೇ ಅಷ್ಟು ದೂರ ಓಡಿಸಿದ. ಒಂದು ಬೆಳಿಗ್ಗೆ ತಾಯಿಯನ್ನು ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು ಶಿಂಷಾ ಸೇತುವೆಯವರೆಗೆ ಹೋಗಿ ಬಂದನಂತೆ. ಕಬ್ಬಿನ ಟ್ರ್ಯಾಕ್ಟರು ಅಡ್ಡ ಬಂದು ಮೂವತ್ತರ ಮೇಲೆ ಹೋಗಲಾಗಲಿಲ್ಲ ಎಂದ.