ಇಪ್ಪತ್ತಮೂರು ಮುಖಕ್ಕೆ ಒಂದೇ ಬ್ರಷ್ಷು

ಜನವರಿ ಬಂತೆಂದರೆ ನಮ್ಮಂಥ ಗಡಿನಾಡ ಕನ್ನಡ ಶಾಲೆಗಳಲ್ಲಿ ವಾರ್ಷಿಕೋತ್ಸವದ ಗಡಿಬಿಡಿ ಶುರು. ಶಾಮಿಯಾನ ಯಾರು ಕೊಡುತ್ತಾರೆ, ಮೈಕ್ ಸೆಟ್ ಎಲ್ಲಿಂದ, ಬಹುಮಾನಕ್ಕೆ ಸ್ಟೀಲ್ ಲೋಟವೋ ಡಬ್ಬಿಯೋ... ಇವೆಲ್ಲ ಮುಗಿದ ಮೇಲೆ ಕೊನೆಗೆ ನೆನಪಾಗುವುದು ಮಕ್ಕಳ ಮುಖಕ್ಕೆ ಬಣ್ಣ ಹಚ್ಚುವ ಕೆಲಸ. ನಾನು ಇವತ್ತು ಬರೆಯುತ್ತಿರುವುದು ಅದರ ಬಗ್ಗೆಯೇ. ಇದೂ ಒಂದು ವಿಷಯವೇ ಎಂದು ನಗಬೇಡಿ. ನಾನೂ ಹಾಗೇ ನಕ್ಕಿದ್ದೆ, ಆಮೇಲೆ ತಲೆ ತಗ್ಗಿಸಬೇಕಾಯಿತು.

1956ರಲ್ಲಿ ರಾಜ್ಯಗಳ ಮರುವಿಂಗಡಣೆಯಾದಾಗ ಹೊಸೂರು ಮದರಾಸು ರಾಜ್ಯದಲ್ಲೇ ಉಳಿಯಿತು. ಮೊದಲು ಸೇಲಂ ಜಿಲ್ಲೆ, 1965ರಿಂದ ಧರ್ಮಪುರಿ, 2004ರಿಂದ ಕೃಷ್ಣಗಿರಿ. ಜಿಲ್ಲೆಯ ಹೆಸರು ಬದಲಾಯಿತು, ನಮ್ಮ ಹಳ್ಳಿಗಳ ಮನೆಮಾತು ಬದಲಾಗಲಿಲ್ಲ. 2006ರ ಕಾಯಿದೆಯ ನಂತರ ನಮ್ಮ ಮಕ್ಕಳೂ ತಮಿಳು ಕಲಿಯುತ್ತಾರೆ. ಒಳ್ಳೆಯದೇ, ಬಾಳುವ ನಾಡಿನ ಭಾಷೆ ಬರಬೇಕು. ಆದರೆ ಇಡೀ ಊರಿಗೆ ಮೈಕಿನಲ್ಲಿ ಕನ್ನಡ ಕೇಳಿಸುವುದು ವರ್ಷಕ್ಕೆ ಆ ಒಂದು ಸಂಜೆ. ಮಗುವನ್ನು ಮುಂದಿನ ವರ್ಷ ಇಲ್ಲೇ ಓದಿಸಬೇಕೋ, ವ್ಯಾನ್ ಬರುವ ಇಂಗ್ಲಿಷ್ ಶಾಲೆಗೆ ಹಾಕಬೇಕೋ ಎಂದು ಎಷ್ಟೋ ಅಪ್ಪ ಅಮ್ಮ ಮನಸ್ಸಿನಲ್ಲೇ ತೀರ್ಮಾನ ಮಾಡುವುದೂ ಅವತ್ತೇ. ಹಾಗಾಗಿ ನಮಗೆ ಆ ನಾಟಕ ಬರೀ ನಾಟಕವಲ್ಲ.

ಕೆಲವು ವರ್ಷಗಳ ಹಿಂದೆ ಕಿತ್ತೂರು ಚೆನ್ನಮ್ಮ ನಾಟಕ ಹಿಡಿದಿದ್ದೆವು. ಬಣ್ಣದವರನ್ನು ಕರೆಸಲು ದುಡ್ಡಿರಲಿಲ್ಲ. "ನೀವು ಚೆನ್ನಾಗಿ ಚಿತ್ರ ಬರೀತೀರಲ್ಲ ಸಾರ್, ನೀವೇ ಹಚ್ಚಿಬಿಡಿ" ಎಂದರು ಹೆಡ್ಮಾಸ್ಟರು. ಡ್ರಾಯಿಂಗ್ ಬೀರುವಿನಲ್ಲಿದ್ದ ಒಂದು ಹಳೇ ಬ್ರಷ್ಷು, ಒಂದು ಪ್ಯಾನ್‌ಕೇಕ್ ಡಬ್ಬಿ, ಒಂದು ಕಾಡಿಗೆ, ಒಂದು ಲಿಪ್‌ಸ್ಟಿಕ್ಕು ಹಿಡಿದು ಇಪ್ಪತ್ತಮೂರು ಮಕ್ಕಳಿಗೂ ಹಚ್ಚಿದೆ. ಒಬ್ಬರಿಂದ ಇನ್ನೊಬ್ಬರಿಗೆ ಹೋಗುವಾಗ ಅಂಗಿಯ ತುದಿಗೆ ಒರೆಸಿಕೊಂಡೆ, ಅಷ್ಟೇ ಶುಚಿ!

ನಾಟಕಕ್ಕೆ ಚಪ್ಪಾಳೆ ಬಿತ್ತು. ಮೂರನೇ ದಿನ ಏಳು ಮಕ್ಕಳು ಕಣ್ಣು ಕೆಂಪಗೆ ಮಾಡಿಕೊಂಡು ಬಂದರು. ಇಬ್ಬರ ಕೆನ್ನೆಯ ಮೇಲೆ ಗುಳ್ಳೆ. ಆ ತಿಂಗಳು ಊರಲ್ಲೂ ಮದ್ರಾಸ್ ಐ ಇತ್ತು ಎನ್ನುವುದು ನಿಜ, ಆದರೆ ಅದನ್ನು ಮಗುವಿನಿಂದ ಮಗುವಿಗೆ ದಾಟಿಸಿದ್ದು ನನ್ನ ಬ್ರಷ್ಷೇ ಎಂದು ನನ್ನ ಮನಸ್ಸಿಗೆ ಗೊತ್ತು. ಗುಲಾಬಿ ತೋಟದ ಕೆಲಸಕ್ಕೆ ಹೋಗುವ ಒಬ್ಬ ತಾಯಿ ಗೇಟಿನ ಹತ್ತಿರ ನಿಂತು, "ಸಾರ್, ಬಣ್ಣ ಹಚ್ಚಿ ಅಂತ ಕಳಿಸಿದ್ವಿ, ಕಣ್ಣು ಕಳ್ಕೊಂಡು ಬರ್ಲಿ ಅಂತ ಅಲ್ಲ. ಇನ್ನು ನನ್ನ ಮಗಳು ನಾಟಕಕ್ಕೆ ಬರಲ್ಲ" ಎಂದರು. ಕಣ್ಣು ವಾರದಲ್ಲಿ ವಾಸಿಯಾಯಿತು. ಆ ಮಾತು ವಾಸಿಯಾಗಲಿಲ್ಲ.

ಆಮೇಲೆ ಪಕ್ಕದ ಹಳ್ಳಿಯ ತೆರುಕೂತ್ತಿನ ತಾತನ ಹತ್ತಿರ ಹೋದೆ. ನಮ್ಮ ಕಡೆ ದ್ರೌಪದಮ್ಮನ ಹಬ್ಬದಲ್ಲಿ ರಾತ್ರಿಯಿಡೀ ಭಾರತದ ಕೂತ್ತು ನಡೆಯುತ್ತದಲ್ಲ, ಅದರಲ್ಲಿ ಬಣ್ಣ ಹಚ್ಚಿ ಮುದುಕರಾದವರು. "ಮುಖ ಗೋಡೆ ಅಲ್ಲ ಸಾರ್, ಉಸಿರಾಡ್ತದೆ" ಎಂದರು. ಅವರು ಮುಖದ ತುಂಬ ಬೆರಳಿನಲ್ಲೇ ಹಚ್ಚಿಕೊಳ್ಳುವುದು, ಗೆರೆಗೆ ತೆಂಗಿನಗರಿಯ ಕಡ್ಡಿ. ಒಬ್ಬರ ಕಡ್ಡಿ ಇನ್ನೊಬ್ಬರು ಮುಟ್ಟುವುದಿಲ್ಲ! ಹಿಂದೆ ಯಕ್ಷಗಾನದ ಚೌಕಿಯಲ್ಲೂ ಅರದಳ, ಇಂಗಳೀಕ ಅರೆದು ಹಚ್ಚುತ್ತಿದ್ದರು. ಒಂದು ಆರ್ಸೆನಿಕ್ಕಿನದು, ಇನ್ನೊಂದು ಪಾದರಸದ್ದು, ಎರಡೂ ವಿಷ. ಹಳೆಯದೆಲ್ಲ ಒಳ್ಳೆಯದು ಎಂದು ಮಕ್ಕಳ ಮುಖಕ್ಕೆ ಅವನ್ನು ತರಬಾರದು. ಆದರೆ ತಾತನ ಕಡ್ಡಿಯ ಪಾಠ ಮಾತ್ರ ಇವತ್ತಿಗೂ ಸರಿ.

ಮುಂದಿನ ವರ್ಷ ಬೆಂಗಳೂರಿಗೆ ಬಸ್ಸು ಹತ್ತಿ ಚಿಕ್ಕಪೇಟೆ ಸುತ್ತಿದೆ. ನಾಲ್ಕು ಬ್ರಷ್ಷಿಗೆ 340 ರೂಪಾಯಿ ಕೊಟ್ಟೆ. ಶಾಲೆಗೆ ನಾಲ್ಕು ಬಗೆ ಸಾಕು. ಪೌಡರಿಗೆ ಒಂದು ದಪ್ಪನೆಯದು, ಒದ್ದೆ ಬಣ್ಣ ಹರಡಲು ಚಪ್ಪಟೆಯದು, ಹುಬ್ಬಿಗೆ ಓರೆಯಾಗಿ ಕತ್ತರಿಸಿದ್ದು, ಮೀಸೆಗೆ ತೆಳ್ಳನೆಯದು. ಹನ್ನೆರಡು, ಹದಿನೆಂಟು ಬ್ರಷ್ಷಿನ ಪೆಟ್ಟಿಗೆ ಅಗ್ಗ ಎಂದು ತರಬೇಡಿ, ಅರ್ಧಕ್ಕರ್ಧ ಮೂಲೆ ಸೇರುತ್ತವೆ.

ಅಂಗಡಿಯಲ್ಲಿ ನೋಡಬೇಕಾದದ್ದು ಇಷ್ಟು. ಬ್ರಷ್ಷನ್ನು ನಿಮ್ಮ ಕೆನ್ನೆಗೆ ಒತ್ತಿ ಸುತ್ತಿ ನೋಡಿ, ಚುಚ್ಚಿದರೆ ವಾಪಸ್ ಇಡಿ. ಎಳೆಗಳನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆಯಿರಿ, ಒಂದೆರಡು ಉದುರಿದರೆ ಪರವಾಗಿಲ್ಲ, ಗೊಂಚಲಾಗಿ ಬಂದರೆ ಬೇಡ. ಎಳೆ ಮತ್ತು ಹಿಡಿಯನ್ನು ಸೇರಿಸುವ ತಗಡಿನ ಪಟ್ಟಿ ಅಲುಗಾಡಬಾರದು. ಒದ್ದೆ ಬಣ್ಣಕ್ಕೆ ನೈಲಾನಿನಂಥ ಕೃತಕ ಎಳೆಯೇ ಸರಿ. ಅದು ಬಣ್ಣ ಕುಡಿಯುವುದಿಲ್ಲ, ಬೇಗ ತೊಳೆಯಬಹುದು, ಅಗ್ಗ ಕೂಡ. ಆಡಿನ ಕೂದಲಿನದು ಒಣ ಪೌಡರಿಗೆ ಚೆನ್ನ, ಆದರೆ ಈಗ ಅದಕ್ಕೂ ಮೆತ್ತನೆಯ ಕೃತಕ ಎಳೆ ಸಿಗುತ್ತದೆ.

ಇನ್ನೊಂದು ವಿಷಯ, ಡ್ರಾಯಿಂಗ್ ಮೇಷ್ಟ್ರುಗಳು ಗಮನಿಸಿ. ಹಳೇ ಬೀರುಗಳಲ್ಲಿ ಮುಂಗುಸಿ ಕೂದಲಿನ ಬ್ರಷ್ಷು ಇರಬಹುದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಡಿ ಮುಂಗುಸಿ ರಕ್ಷಿತ ಪ್ರಾಣಿ, ಅದರ ಕೂದಲಿನ ಬ್ರಷ್ಷಿನ ವ್ಯಾಪಾರ ಅಪರಾಧ. 2019ರಲ್ಲಿ ವನ್ಯಜೀವಿ ಅಪರಾಧ ನಿಯಂತ್ರಣ ಬ್ಯೂರೋ ದೇಶದ ಹಲವು ಕಡೆ ಇವಕ್ಕಾಗಿ ದಾಳಿ ನಡೆಸಿತ್ತು. ಪಾಠದಲ್ಲಿ ಮುಂಗುಸಿಯ ಕಥೆ ಹೇಳಿ ಕೈಯಲ್ಲಿ ಅದರ ಕೂದಲು ಹಿಡಿಯುವುದು ನಮಗೆ ಶೋಭಿಸುತ್ತದೆಯೇ?

ಇನ್ನು ಹಚ್ಚುವ ಕ್ರಮ. ಹಿಂದಿನ ದಿನವೇ ಮೊಣಕೈ ಒಳಭಾಗಕ್ಕೆ ಸ್ವಲ್ಪ ಬಣ್ಣ ಹಚ್ಚಿ ಕಳಿಸಿ, ಕೆಂಪಾದ ಮಗುವಿಗೆ ಹಚ್ಚಬೇಡಿ. ಡಬ್ಬಿಯೊಳಗೆ ಬ್ರಷ್ಷು ಅದ್ದಬೇಡಿ. ಐಸ್ ಕಡ್ಡಿಯಿಂದ ಬೇಕಾದಷ್ಟು ಬಣ್ಣ, ಲಿಪ್‌ಸ್ಟಿಕ್ಕು ಎಲ್ಲವನ್ನೂ ತಟ್ಟೆಗೆ ತೆಗೆದುಕೊಳ್ಳಿ. ಕಣ್ಣು, ತುಟಿಗೆ ಬ್ರಷ್ಷೇ ಬೇಡ, ಮಗುವಿಗೊಂದು ಹತ್ತಿಕಡ್ಡಿ, ಹಚ್ಚಿ ಬಿಸಾಡಿ. ಬ್ರಷ್ಷಿಗೆ ಪೌಡರು ಅಂಟಿದ ಮೇಲೆ ಒಮ್ಮೆ ಕೊಡವಿ, ಮೇಲಿನಿಂದ ಕೆಳಕ್ಕೆ ಹಗುರವಾಗಿ ಎಳೆಯಿರಿ. ಒಂದು ಮಗುವಾದ ಮೇಲೆ ಸರ್ಜಿಕಲ್ ಸ್ಪಿರಿಟ್ಟಿನಲ್ಲಿ ಒರೆಸಿ ಪೂರ್ತಿ ಆರಲು ಬಿಡಿ. ಕಣ್ಣು ಕೆಂಪಾದ ಮಗುವಿಗೆ ಬಣ್ಣ ಬೇಡ, ಪೇಟ ಕಟ್ಟಿ ನಿಲ್ಲಿಸಿದರೂ ಅವನು ಸೈನಿಕನೇ.

ಎಲ್ಲ ಮುಗಿದ ಮೇಲೆ ಶಾಂಪೂ ಬೆರೆಸಿದ ಉಗುರುಬೆಚ್ಚಗಿನ ನೀರಿನಲ್ಲಿ ಎಳೆ ಕೆಳಮುಖವಾಗಿ ಹಿಡಿದು ತೊಳೆಯಿರಿ. ತಗಡಿನೊಳಗೆ ನೀರು ಹೋದರೆ ಅಂಟು ಬಿಡುತ್ತದೆ. ಲೋಟದಲ್ಲಿ ನೆಟ್ಟಗೆ ನಿಲ್ಲಿಸದೆ ಮೇಜಿನ ಅಂಚಿನಲ್ಲಿ ಮಲಗಿಸಿ, ನೆರಳಲ್ಲಿ ಒಣಗಿಸಿ. ಹೀಗೆ ನೋಡಿಕೊಂಡರೆ ಅಗ್ಗದ ಬ್ರಷ್ಷೂ ವರ್ಷಗಟ್ಟಲೆ ಬಾಳುತ್ತದೆ.

ಆ ವರ್ಷ ಅದೇ ತಾಯಿಯ ಮನೆಗೆ ಹೋಗಿ ಬ್ರಷ್ಷು, ಸ್ಪಿರಿಟ್ಟು ಎಲ್ಲ ತೋರಿಸಿದೆ. ತಪ್ಪು ನನ್ನದೇ ಎಂದು ಹೇಳಿದೆ. ಆಕೆ ಏನೂ ಹೇಳಲಿಲ್ಲ, ಕಾಫಿ ಕೊಟ್ಟರು. ಆದರೆ ಮಗಳನ್ನು ಕಳಿಸಿದರು. ಆ ಹುಡುಗಿಗೇ ಚೆನ್ನಮ್ಮನ ಪಾತ್ರ ಕೊಟ್ಟೆವು. ಕಪ್ಪು ಬಣ್ಣದ ಮಗು. ನಾನು ಅಭ್ಯಾಸಬಲದಿಂದ ಬಿಳಿ ಪ್ಯಾನ್‌ಕೇಕ್ ಡಬ್ಬಿಗೆ ಕೈ ಹಾಕಿದೆ. "ಸಾರ್, ಚೆನ್ನಮ್ಮ ಬೆಳ್ಳಗಿದ್ರಾ?" ಎಂದು ಕೇಳಿದಳು. 1824ರಲ್ಲಿ ಬ್ರಿಟಿಷರ ಥ್ಯಾಕರೆಯ ಸೈನ್ಯವನ್ನು ಎದುರಿಸಿದವಳ ಮೈಬಣ್ಣ ಯಾವುದೆಂದು ನಾನು ಯಾವತ್ತೂ ಪಾಠ ಮಾಡಿರಲಿಲ್ಲ, ಮಾಡುವ ಅಗತ್ಯವೂ ಇರಲಿಲ್ಲ. ಡಬ್ಬಿ ಮುಚ್ಚಿದೆ. ಅವಳದೇ ಬಣ್ಣದ ಮೇಲೆ ಸ್ವಲ್ಪ ಪೌಡರು, ಹುಬ್ಬು ತಿದ್ದಿ, ಹಣೆಗೆ ಕುಂಕುಮ. ಅಷ್ಟೇ. ಅವಳು ವೇದಿಕೆಗೆ ಬಂದಾಗ ಊರು ಗಪ್‌ಚಿಪ್.

ನಾಟಕ ಮುಗಿದ ಮೇಲೆ ಕೊಳಾಯಿ ಹತ್ತಿರ ಹೋದರೆ ಆ ತಾಯಿ ಸೆರಗು ಸಿಕ್ಕಿಸಿ ಬ್ರಷ್ಷು ತೊಳೆಯುತ್ತಾ ಕೂತಿದ್ದರು. "ಕೆಳಗೆ ಮಾಡಿ ತಾನೇ ಸಾರ್ ಹಿಡೀಬೇಕು?" ಎಂದರು. ಹೌದಮ್ಮಾ ಎಂದೆ. ಆ ಮಗು ಎಂಟನೇ ತರಗತಿಯವರೆಗೂ ನಮ್ಮಲ್ಲೇ ಓದಿತು.

ನಿಮ್ಮ ಶಾಲೆಯ ಬೀರುವಿನಲ್ಲೂ ಒಂದು ಹಳೇ ಬ್ರಷ್ಷು ಇರಬೇಕು. ಈ ಜನವರಿಗೆ ಮುಂಚೆ ಒಮ್ಮೆ ತೆಗೆದು ನೋಡ್ತೀರಲ್ಲ?