ಕತ್ತು ಬಗ್ಗಿಸುವ ಕ್ಯಾಮೆರಾಗಳು

ಕ್ಯಾಮೆರಾ ಹುಚ್ಚಿನ ಇಬ್ಬರು ಒಂದೆಡೆ ಸೇರಿದರೆ ಮಾತು ಲೆನ್ಸಿನಿಂದ ಶುರುವಾಗಿ ಲೆನ್ಸಿನಲ್ಲೇ ಮುಗಿಯುತ್ತದೆ. ಜೈಸ್ ಮೇಲೋ ನಿಕ್ಕೋರ್ ಮೇಲೋ ಎಂಬುದು ಇತ್ಯರ್ಥವಾಗುವ ಹೊತ್ತಿಗೆ ಮುಂದಿಟ್ಟ ಕಾಫಿ ಆರಿರುತ್ತದೆ. ಇಂಥ ಕೂಟಗಳಲ್ಲಿ ಈ ಪ್ರಬಂಧಕಾರನಿಗೆ ಅಷ್ಟೇನೂ ಮರ್ಯಾದೆಯಿಲ್ಲ. ಅವನು ನೋಡುವುದು ಕ್ಯಾಮೆರಾ ಹಿಡಿದವರ ಕತ್ತನ್ನು, ಬೆನ್ನನ್ನು, ಮೊಣಕೈಯನ್ನು. ಯಾವ ಕ್ಯಾಮೆರಾ ಮನುಷ್ಯನನ್ನು ಹೇಗೆ ನಿಲ್ಲಿಸುತ್ತದೆ, ಹಾಗೆ ನಿಂತವನನ್ನು ಕಂಡು ಎದುರಿನವರ ಮುಖ ಏನಾಗುತ್ತದೆ ಎಂಬುದರಲ್ಲೇ ಅದರ ಹೆಚ್ಚುಗಾರಿಕೆ ಇದೆ ಎಂದು ಅವನ ವಾದ. ವಾದಕ್ಕೆ ಬೆಂಬಲ ಸಿಕ್ಕಿಲ್ಲ. ಬಿಡುವ ಮನಸ್ಸೂ ಅವನಿಗಿಲ್ಲ.

ಫೋಟೋ ತೆಗೆಯುವ ವಿದ್ಯೆ ಹುಟ್ಟಿದಾಗ ಕಷ್ಟವೆಲ್ಲ ಕೂತವರ ಪಾಲಿನದಾಗಿತ್ತು. 1839ರಲ್ಲಿ ದಾಗೆರ್‌ನ ವಿಧಾನ ಪ್ಯಾರಿಸ್ಸಿನಲ್ಲಿ ಬಹಿರಂಗವಾದ ಮೇಲೆ ಊರೂರಲ್ಲಿ ಎದ್ದ ಸ್ಟುಡಿಯೋಗಳಲ್ಲಿ ಕುರ್ಚಿಯ ಹಿಂದೆ ಕಬ್ಬಿಣದ ಕವೆಯೊಂದು ಇರುತ್ತಿತ್ತು. ಕೂತವರ ತಲೆಯ ಹಿಂಭಾಗ ಅದರೊಳಗೆ. ತಟ್ಟೆಯ ಮೇಲೆ ಬಿಂಬ ಮೂಡಲು ಬಹಳ ಹೊತ್ತು ಹಿಡಿಯುತ್ತಿತ್ತು, ಅಷ್ಟರಲ್ಲಿ ಅಲುಗಿದರೆ ಒಂದು ಮುಖಕ್ಕೆ ಎರಡು ಮೂಗು. ಆ ಕಾಲದ ಚಿತ್ರಗಳಲ್ಲಿ ಜನ ಸಾಲ ವಸೂಲಿಗೆ ಬಂದವರಂತೆ ಬಿಗಿದುಕೊಂಡಿರುವುದಕ್ಕೆ ಈ ಕವೆಯೂ ಒಂದು ಕಾರಣ.

ತಟ್ಟೆ ಚುರುಕಾದಂತೆ ಕವೆ ಹೋಯಿತು, ಬಗ್ಗುವ ಸರದಿ ಫೋಟೋಗ್ರಾಫರನಿಗೆ ಬಂತು. ಅರಸೀಕೆರೆಯಲ್ಲಿ ಸ್ಟುಡಿಯೋ ಇಟ್ಟಿದ್ದ ಪ್ರಬಂಧಕಾರನ ಸೋದರಮಾವನ ಬಳಿ ಮರದ ಮೂರು ಕಾಲಿನ ಮೇಲೆ ನಿಲ್ಲುವ ಹಳೆಯ ಕ್ಯಾಮೆರಾ ಒಂದಿತ್ತು. ಮಾವ ಕರಿಬಟ್ಟೆಯೊಳಗೆ ತಲೆ ತೂರಿಸಿದರೆಂದರೆ ಅವರಿಗೆ ಲೋಕ ತಲೆಕೆಳಗು. ಗಾಜಿನ ಮೇಲೆ ತಾಲ್ಲೂಕು ಕಚೇರಿಯ ಗುಮಾಸ್ತರು ಕೋಟು ಸಮೇತ ಬಾವಲಿಯಾಗಿ ನೇತಾಡುತ್ತಿದ್ದರು. ಹುಡುಗನಾಗಿದ್ದ ಪ್ರಬಂಧಕಾರ ಆ ಬಟ್ಟೆಯೊಳಗೆ ನುಗ್ಗಲು ಹಾತೊರೆಯುತ್ತಿದ್ದ. ಮಾವ ಒಮ್ಮೊಮ್ಮೆ ಬಿಡುತ್ತಿದ್ದರು. "ತಲೆಕೆಳಗಾಗಿ ನೋಡು ಮರಿ, ಆಗಲೇ ಕಾಲರ್ ಸೊಟ್ಟಗಿರೋದು ಗೊತ್ತಾಗೋದು" ಎನ್ನುತ್ತಿದ್ದರು. ಅದು ನಿಜ. ಮುಖ ಯಾರದೆಂದು ಮನಸ್ಸು ಗುರುತು ಹಿಡಿಯದಿದ್ದಾಗ ಕಣ್ಣು ಬೆಳಕನ್ನೂ ಆಕಾರವನ್ನೂ ಮಾತ್ರ ನೋಡುತ್ತದೆ.

ಆ ಮರದ ಪೆಟ್ಟಿಗೆ ಸ್ಟುಡಿಯೋ ಬಿಟ್ಟು ಕದಲುತ್ತಿರಲಿಲ್ಲ. ಮದುವೆಮನೆಗೆ ಹೊರಟರೆ ಮಾವನ ಹೆಗಲಿಗೆ ಏರುತ್ತಿದ್ದದ್ದು ಯಾಶಿಕಾ ಮ್ಯಾಟ್ 124 ಜಿ. ಮುಖದ ಮೇಲೆ ಒಂದರ ಕೆಳಗೊಂದು ಎರಡು ಕಣ್ಣು. ಮೇಲಿನದು ನೋಡಲು, ಕೆಳಗಿನದು ತೆಗೆಯಲು. ಇದರ ಮೂಲಪುರುಷ ಜರ್ಮನಿಯ ಬ್ರೌನ್‌ಶ್ವೈಗ್ ಪಟ್ಟಣದ ಫ್ರಾಂಕೆ ಮತ್ತು ಹೈಡೆಕೆ ಕಂಪನಿ 1929ರಲ್ಲಿ ಹೊರತಂದ ರೋಲಿಫ್ಲೆಕ್ಸ್. ಮೇಲಿನ ಲೆನ್ಸಿನ ಹಿಂದೆ ಓರೆಯಾಗಿ ನಿಂತ ಕನ್ನಡಿ ಬಿಂಬವನ್ನು ನೆತ್ತಿಯ ಗಾಜಿಗೆ ಎತ್ತಿ ಹಾಕುತ್ತದೆ. ಕ್ಯಾಮೆರಾವನ್ನು ಹೊಟ್ಟೆಗೆ ಒತ್ತಿ ಹಿಡಿದು ಕತ್ತು ಬಗ್ಗಿಸಿ ಮೇಲಿನಿಂದ ನೋಡಬೇಕು. ಬಿಂಬ ನೆಟ್ಟಗೇ ಇರುತ್ತದೆ, ಆದರೆ ಎಡ ಬಲ ಅದಲುಬದಲು. ಓಡುವ ಮಗುವನ್ನು ಹಿಂಬಾಲಿಸಲು ಹೋದವರೆಲ್ಲ ಮೊದಮೊದಲು ಅದು ಹೋದ ದಿಕ್ಕು ಬಿಟ್ಟು ಇನ್ನೊಂದು ಕಡೆ ತಿರುಗಿದವರೇ.

1937ರ ರೋಲಿಫ್ಲೆಕ್ಸ್ ಆಟೋಮ್ಯಾಟ್‌ನ ಜಾಣತನ ಇವತ್ತಿಗೂ ಮೆಚ್ಚುವಂಥದು. ಎರಡು ಉರುಳೆಗಳ ನಡುವೆ ರೋಲನ್ನು ತೂರಿಸಿ ಬಾಗಿಲು ಮುಚ್ಚಿದರೆ ಸಾಕು. ಹಿಂಬದಿಯ ಕಾಗದಕ್ಕೆ ಅಂಟಿಸಿದ ಫಿಲ್ಮ್ ಶುರುವಾಗುವಲ್ಲಿ ಕೂದಲೆಳೆಯಷ್ಟು ಹೆಚ್ಚುವ ದಪ್ಪವನ್ನು ಆ ಉರುಳೆಗಳೇ ಅರಿತು ಲೆಕ್ಕ ಶುರು ಮಾಡುತ್ತವೆ. ಬ್ಯಾಟರಿಯಿಲ್ಲ, ಹಲ್ಲುಚಕ್ರಗಳು ಅಷ್ಟೇ. 120 ರೋಲಿನಲ್ಲಿ ಆರು ಸೆಂಟಿಮೀಟರ್ ಚೌಕದ ಹನ್ನೆರಡು ಚಿತ್ರ. ರೋಲಿಯ ಬೆಲೆ ಕೈಗೆ ಎಟುಕದವರಿಗೆ ಜಪಾನಿನ ಯಾಶಿಕಾ ಅದೇ ದಾರಿಯಲ್ಲಿ ಗಟ್ಟಿಮುಟ್ಟಾದ ಕ್ಯಾಮೆರಾಗಳನ್ನು ಕೊಟ್ಟಿತು. ಅವುಗಳಲ್ಲಿ ಕೊನೆಯದು 1970ರಲ್ಲಿ ಬಂದ ಈ 124 ಜಿ. ಭಾರತದ ಮದುವೆಮನೆಗಳಲ್ಲಿ ಯಾಶಿಕಾ ದುಡಿದಷ್ಟು ಪುರೋಹಿತರೂ ದುಡಿದಿರಲಿಕ್ಕಿಲ್ಲ.

ಪ್ರಬಂಧಕಾರನ ಗಮನ ಮಾತ್ರ ಆ ಬಾಗಿದ ಕತ್ತಿನ ಮೇಲೆ. ಧಾರೆಯ ಹೊತ್ತಿಗೆ ಮಾವ ಮಂಟಪದೆದುರು ನಿಂತು ತಲೆ ತಗ್ಗಿಸಿದರೆ ವಧೂವರರಿಗೆ ನಮಸ್ಕರಿಸುತ್ತಿದ್ದಾರೆ ಎಂದೇ ತೋರುತ್ತಿತ್ತು. ಅವರ ಕಣ್ಣು ಯಾರನ್ನೂ ದಿಟ್ಟಿಸುತ್ತಿರಲಿಲ್ಲ. "ಮದುಮಗಳು ಸ್ವಲ್ಪ ಕತ್ತೆತ್ತಮ್ಮ" ಎಂದು ತಾವು ಕತ್ತು ಬಗ್ಗಿಸಿಕೊಂಡೇ ಹೇಳುತ್ತಿದ್ದರು. ಅಪರಿಚಿತ ಗಂಡಸೊಬ್ಬ ನೆಟ್ಟಗೆ ನೋಡಿದರೆ ಸೆರಗು ಎಳೆದುಕೊಳ್ಳುತ್ತಿದ್ದ ಹಳ್ಳಿಯ ಹೆಂಗಸರು ಮಾವನ ನೆತ್ತಿಯನ್ನು ನೋಡಿಕೊಂಡು ಆರಾಮವಾಗಿ ನಿಲ್ಲುತ್ತಿದ್ದರು. ಇನ್ನೊಂದು ಲಾಭ: ಲೆನ್ಸು ಹೊಟ್ಟೆಯ ಮಟ್ಟದಲ್ಲಿ ಇರುವುದರಿಂದ ನಿಂತವರೆಲ್ಲ ತುಸು ಎತ್ತರವಾಗಿ, ಘನವಾಗಿ ಕಾಣುತ್ತಿದ್ದರು. ಕುಳ್ಳಗಿನ ಶ್ಯಾನುಭೋಗರು ಮಾವನ ಕಾಯಂ ಗಿರಾಕಿ.

ಇದೇ ಭಂಗಿ ಷಿಕಾಗೋದಲ್ಲಿ ಬೇರೊಂದು ಬಗೆಯಲ್ಲಿ ಫಲ ಕೊಟ್ಟಿತು. ಮಕ್ಕಳನ್ನು ನೋಡಿಕೊಳ್ಳುವ ಆಯಾ ಕೆಲಸದಲ್ಲಿದ್ದ ವಿವಿಯನ್ ಮೇಯರ್ ಬಿಡುವು ಸಿಕ್ಕಾಗಲೆಲ್ಲ ರೋಲಿಫ್ಲೆಕ್ಸ್ ತೂಗುಹಾಕಿಕೊಂಡು ಬೀದಿ ಸುತ್ತಿ ಲಕ್ಷಕ್ಕೂ ಮಿಕ್ಕಿ ನೆಗೆಟಿವ್ ಕೂಡಿಟ್ಟರು. 2007ರಲ್ಲಿ ಅವರ ಸಾಮಾನು ಹರಾಜಾದಾಗಲೇ ಅವು ಹೊರಗಿನವರ ಕಣ್ಣಿಗೆ ಬಿದ್ದದ್ದು. ಅಂಗಡಿಯ ಗಾಜಿನಲ್ಲಿ, ಬೀದಿಯ ಕನ್ನಡಿಯಲ್ಲಿ ತನ್ನದೇ ಚಿತ್ರ ತೆಗೆದುಕೊಳ್ಳುವುದು ಅವರ ಅಭ್ಯಾಸ. ಕ್ಯಾಮೆರಾ ಹೊಟ್ಟೆಯ ಬಳಿ ಇರುವುದರಿಂದ ಆ ಗಂಭೀರ ಮುಖ ಪೂರ್ತಿ ಕಾಣುತ್ತದೆ. ಕಣ್ಣಿಗೆ ಒತ್ತಿಕೊಳ್ಳುವ ಕ್ಯಾಮೆರಾ ಆಗಿದ್ದರೆ ನಮಗೆ ಸಿಗುತ್ತಿದ್ದದ್ದು ಒಂದು ಟೊಪ್ಪಿ ಮತ್ತು ಎರಡು ಕೈ.

ಹಾಗಾದರೆ ಕಣ್ಣಿಗೆ ಒತ್ತಿಕೊಳ್ಳುವ ಕ್ಯಾಮೆರಾಗಳದು ಏನು ಕತೆ? ಅದು ಜರ್ಮನಿಯ ವೆಟ್ಸ್‌ಲಾರ್‌ನಲ್ಲಿ ಉಬ್ಬಸದಿಂದ ಬಳಲುತ್ತಿದ್ದ ಒಬ್ಬ ಕುಶಲಕರ್ಮಿಯಿಂದ ಮೊದಲಾಗುತ್ತದೆ. ಲೈಟ್ಸ್ ಕಂಪನಿಯ ಆಸ್ಕರ್ ಬಾರ್ನಾಕ್‌ಗೆ ಬೆಟ್ಟಗುಡ್ಡದ ಚಿತ್ರ ತೆಗೆಯುವ ಆಸೆ, ಗಾಜಿನ ಪ್ಲೇಟುಗಳ ಭಾರ ಹೊರುವ ಶಕ್ತಿಯಿಲ್ಲ. ಸಿನಿಮಾ ಫಿಲ್ಮನ್ನು ಅಡ್ಡಲಾಗಿ ಓಡಿಸಿ, ಸಿನಿಮಾದ ಒಂದು ಚೌಕಟ್ಟಿನ ಎರಡರಷ್ಟು ವಿಸ್ತಾರಕ್ಕೆ, 24 ಮತ್ತು 36 ಮಿಲಿಮೀಟರಿಗೆ, ಚಿತ್ರ ಹಿಡಿಯುವ ಪುಟ್ಟ ಕ್ಯಾಮೆರಾ ಮಾಡಿಕೊಂಡ. ಲೈಕಾ ಎಂಬ ಹೆಸರಲ್ಲಿ ಅದು 1925ರ ಲೈಪ್‌ಜಿಗ್ ಮೇಳಕ್ಕೆ ಬಂತು. ಚಿತ್ರದ ಆ ಅಳತೆ ಇನ್ನೂ ಚಲಾವಣೆಯಲ್ಲಿದೆ. ಡಿಜಿಟಲ್ ಕ್ಯಾಮೆರಾ ಮಾರುವವರು ಫುಲ್ ಫ್ರೇಮ್ ಎಂದು ಹೆಮ್ಮೆಯಿಂದ ಹೇಳುವುದು ಇದನ್ನೇ.

1954ರ ಲೈಕಾ ಎಂ3 ಬಗ್ಗೆ ಭಕ್ತರು ಪುಟಗಟ್ಟಲೆ ಬರೆದಿದ್ದಾರೆ. ಅದರಲ್ಲಿ ಬಹುಪಾಲು ಪ್ರಬಂಧಕಾರನಿಗೆ ಬೇಡ, ಒಂದು ಸಂಗತಿ ಮಾತ್ರ ಬೇಕು. ಅದರ ನೋಡುಕಿಂಡಿಯಲ್ಲಿ ಎದುರಿನ ದೃಶ್ಯ ಹೆಚ್ಚುಕಡಿಮೆ ಅದರ ನಿಜವಾದ ಗಾತ್ರದಲ್ಲೇ ಕಾಣುತ್ತದೆ, ಅಳತೆ 0.91. ಕಿಂಡಿ ಇರುವುದು ಎಡ ಮೂಲೆಯಲ್ಲಿ. ಬಲಗಣ್ಣಲ್ಲಿ ಕಿಂಡಿ ನೋಡುತ್ತ ಎಡಗಣ್ಣನ್ನೂ ತೆರೆದೇ ಇಡಬಹುದು. ಎರಡೂ ನೋಟ ಸೇರಿ ಬೀದಿಯ ಮೇಲೆ ಹೊಳೆಯುವ ಚೌಕಟ್ಟೊಂದು ತೇಲಿದಂತೆ ಕಾಣುತ್ತದೆ. ಚೌಕಟ್ಟಿನ ಆಚೆಯಿಂದ ಸೈಕಲ್ ಬರುತ್ತಿರುವುದು ಒಳಗೆ ಬರುವ ಮೊದಲೇ ಗೊತ್ತಾಗುತ್ತದೆ. ಹಿಡಿದವನ ಅರ್ಧ ಮುಖ ಎದುರಿನವರಿಗೂ ಕಾಣುತ್ತಿರುತ್ತದೆ. ಲೈಕಾದ ಹೊಳಪಿನ ಲೋಹಕ್ಕೆ ಕಪ್ಪು ಟೇಪು ಸುತ್ತಿಕೊಂಡು ಜನರ ನಡುವೆ ಕರಗಿಹೋಗುತ್ತಿದ್ದ ಆನ್ರಿ ಕಾರ್ಟಿಯೇ ಬ್ರೆಸೋನ್ 1948ರ ಜನವರಿ 30ರಂದು ದೆಹಲಿಯಲ್ಲಿ ಗಾಂಧೀಜಿಯನ್ನು ಕಂಡು ಬಂದಿದ್ದರು. ಸ್ವಲ್ಪ ಹೊತ್ತಿನಲ್ಲೇ ಗುಂಡಿನ ಸುದ್ದಿ. ಆಮೇಲಿನ ಶೋಕದ ಚಿತ್ರಗಳಲ್ಲಿ ಅವರು ಗುಂಪಿನ ಹೊರಗೆ ನಿಂತವರಲ್ಲ, ಒಳಗಿದ್ದವರು.

ಮೈಸೂರಿನ ಟಿ.ಎಸ್. ಸತ್ಯನ್ ಅವರ ಚಿತ್ರಗಳನ್ನು ನೋಡುವಾಗಲೂ ಇದೇ ಅನ್ನಿಸುತ್ತದೆ. ಅಂತರರಾಷ್ಟ್ರೀಯ ಮಕ್ಕಳ ವರ್ಷವಾದ 1979ರಲ್ಲಿ ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಪ್ರದರ್ಶನಗೊಂಡ ಅವರ ಚಿತ್ರಗಳಲ್ಲಿನ ಮಕ್ಕಳು ಯಾರಿಗೂ ಪೋಸು ಕೊಡುತ್ತಿಲ್ಲ. ದೊಡ್ಡವರೊಬ್ಬರು ಬಂದಿದ್ದಾರೆ ಎಂಬ ಸಂಕೋಚವೂ ಅವರ ಮುಖದಲ್ಲಿಲ್ಲ.

ಲೈಕಾಕ್ಕೆ ಎಲ್ಲ ಭಂಗಿಯೂ ಶೋಭಿಸುವುದಿಲ್ಲ ಎನ್ನಿ. ಎಂ3ಗೆ ರೋಲು ಹಾಕಬೇಕಾದರೆ ತಳದ ತಟ್ಟೆ ಬಿಚ್ಚಬೇಕು. ಬಿಚ್ಚಿದ ತಟ್ಟೆಯನ್ನು ಎಲ್ಲಿಡುವುದು? ಎರಡು ಕೈಯೂ ಕೆಲಸದಲ್ಲಿ. ಜಗತ್ತಿನ ಹೆಸರಾಂತ ಛಾಯಾಗ್ರಾಹಕರು ನಡುಬೀದಿಯಲ್ಲಿ ಅದನ್ನು ಹಲ್ಲಲ್ಲಿ ಕಚ್ಚಿಕೊಂಡು ನಿಲ್ಲುತ್ತಿದ್ದರು.

ಇನ್ನು ಎಸ್‌ಎಲ್‌ಆರ್. ಇಲ್ಲಿ ನೋಡುವುದೂ ತೆಗೆಯುವುದೂ ಒಂದೇ ಲೆನ್ಸು. ಫಿಲ್ಮಿನ ಮುಂದಿರುವ ಕನ್ನಡಿ ಬಿಂಬವನ್ನು ಮೇಲೆ ಕಳಿಸುತ್ತದೆ, ಐದು ಮೂಲೆಯ ಗಾಜಿನ ಪಟ್ಟಕ ಅದನ್ನು ಎಡ ಬಲ ಸರಿಪಡಿಸಿ ಕಣ್ಣಿಗೆ ಮುಟ್ಟಿಸುತ್ತದೆ. ಗುಂಡಿ ಒತ್ತಿದಾಗ ಕನ್ನಡಿ ಮೇಲಕ್ಕೆ ಹಾರಿ ದಾರಿ ಬಿಡಬೇಕು. ಅಂದರೆ ಚಿತ್ರವಾಗುವ ಆ ಕ್ಷಣವೊಂದನ್ನು ಬಿಟ್ಟು ಉಳಿದದ್ದೆಲ್ಲ ಫೋಟೋಗ್ರಾಫರನಿಗೆ ಕಾಣುತ್ತದೆ! ಲೈಕಾದವನಿಗೆ, ಯಾಶಿಕಾದ ಮಾವನಿಗೆ ಈ ಕುರುಡಿಲ್ಲ. ಮೊದಲ ಎಸ್‌ಎಲ್‌ಆರ್‌ಗಳಲ್ಲಂತೂ ಮುಂದಿನ ಚಿತ್ರಕ್ಕೆ ಫಿಲ್ಮ್ ತಿರುಗಿಸುವವರೆಗೂ ಕಿಂಡಿ ಕತ್ತಲು. ಜಪಾನಿನ ಅಸಾಹಿ 1954ರಲ್ಲಿ ಅಸಾಹಿಫ್ಲೆಕ್ಸ್ 2ಬಿ ಮಾಡಿ ಕನ್ನಡಿ ತಾನಾಗಿ ಕೂಡಲೇ ಮರಳುವಂತೆ ಮಾಡಿದ ಮೇಲೆ ಆ ಕತ್ತಲು ಕಣ್ಣು ಮಿಟುಕಿಸುವಷ್ಟಕ್ಕೆ ಇಳಿಯಿತು.

1959ರ ನಿಕಾನ್ ಎಫ್ ಯುದ್ಧ ವರದಿಗಾರರ ಕ್ಯಾಮೆರಾ ಆಯಿತು. ಡಾನ್ ಮೆಕಲಿನ್ ಕಾಂಬೋಡಿಯಾದಲ್ಲಿದ್ದಾಗ ಗುಂಡೊಂದು ಅವರ ನಿಕಾನಿಗೆ ಬಡಿದು, ಜೀವ ಉಳಿಯಿತು. ಗಟ್ಟಿತನಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಆದರೂ ಪ್ರಬಂಧಕಾರನಿಗೆ ಅದರ ಮೇಲೆ ಗೌರವವಿದೆ, ಪ್ರೀತಿಯಿಲ್ಲ. ಹಿಡಿದವನ ಮುಖ ಅದರ ಹಿಂದೆ ಪೂರ್ತಿ ಮುಚ್ಚಿಹೋಗುತ್ತದೆ, ಎದುರಿನವರಿಗೆ ಕಾಣುವುದು ಒಂದು ದೊಡ್ಡ ಗಾಜಿನ ಕಣ್ಣು. ಗುಂಡಿಯನ್ನು ಹಿಂಬದಿಗೆ ಸರಿಸಿ ಕೂರಿಸಿರುವುದರಿಂದ ತೋರುಬೆರಳು ಒಂದು ಬಗೆಯಲ್ಲಿ ಮುದುರಿಕೊಳ್ಳಬೇಕು. ಒಲಿಂಪಸ್‌ನ ಯೋಶಿಹಿಸಾ ಮೈತಾನಿ ಈ ಭಾರ, ಈ ಗಾತ್ರ, ಈ ಸದ್ದಿನ ಮೇಲೆ ಮುನಿಸಿಕೊಂಡವರಂತೆ 1972ರಲ್ಲಿ ಎಂ-1 ಎಂಬ ಎಸ್‌ಎಲ್‌ಆರ್ ಮಾಡಿದರು. ಲೈಕಾದವರು ಎಂ ತಮ್ಮದೆಂದು ಆಕ್ಷೇಪಿಸಿದ್ದರಿಂದ ಅದು ಓಎಂ-1 ಆಯಿತು. ಮೈತಾನಿ ವೇಗದ ಚಕ್ರವನ್ನು ನೆತ್ತಿಯಿಂದ ಇಳಿಸಿ ಲೆನ್ಸಿನ ಬುಡಕ್ಕೆ ಸುತ್ತಿದರು. ಎಡಗೈಯೊಂದೇ ವೇಗವನ್ನೂ ಫೋಕಸ್ಸನ್ನೂ ನೋಡಿಕೊಳ್ಳುತ್ತದೆ, ಕಣ್ಣು ಕಿಂಡಿ ಬಿಟ್ಟು ಬರಬೇಕಾಗಿಲ್ಲ. ಕೈಗೆ ಬುದ್ಧಿ ಕೊಡುವ ಕ್ಯಾಮೆರಾ ಅದು.

ಪ್ರಬಂಧಕಾರನ ಸ್ವಂತ ಆಸ್ತಿ ಇಷ್ಟು ಘನವಾದದ್ದೇನಲ್ಲ. ಮೊದಲನೆಯದು ಬರೋಡದ ನ್ಯೂ ಇಂಡಿಯಾ ಇಂಡಸ್ಟ್ರೀಸ್ ತಯಾರಿಸುತ್ತಿದ್ದ ಆಗ್ಫಾ ಕ್ಲಿಕ್ 3. ಬಿಸಿಲಿಗೊಂದು ಗುರುತು, ಮೋಡಕ್ಕೊಂದು ಗುರುತು, ಮಿಕ್ಕಿದ್ದು ದೇವರಿಗೆ. ಅದಕ್ಕೆ ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್‌ನ ಇಂದು ಕಪ್ಪುಬಿಳುಪು ರೋಲು. ಷಟರ್ ನಿಧಾನ, ಕೈ ಅಲುಗಿದರೆ ಚಿತ್ರ ಮಸುಕು. "ಉಸಿರು ಕಟ್ಟು, ಮೊಣಕೈ ಪಕ್ಕೆಗೆ ಒತ್ತು, ಆಮೇಲೆ ಒತ್ತು" ಎಂಬ ಮಾವನ ಪಾಠದಲ್ಲಿ ಅರ್ಧ ಪ್ರಾಣಾಯಾಮವಿತ್ತು. ಬೆಳೆದ ಮೇಲೆ ಸೆಕೆಂಡ್ ಹ್ಯಾಂಡ್ ಕೊಂಡದ್ದು ಪೆಂಟಾಕ್ಸ್ ಕೆ1000. 1976ರಿಂದ 1997ರವರೆಗೆ ಮೂವತ್ತು ಲಕ್ಷಕ್ಕೂ ಹೆಚ್ಚು ತಯಾರಾದ ಈ ಕ್ಯಾಮೆರಾ ಕಲಿಯುವವರ ಕೈಗೆ ಹೇಳಿ ಮಾಡಿಸಿದ್ದು. ಬೆಳಕಿನ ಮುಳ್ಳಿಗೊಂದು ಬ್ಯಾಟರಿ ಬಿಟ್ಟರೆ ಬೇರೆ ಕರೆಂಟಿನ ಹಂಗಿಲ್ಲ, ಬ್ಯಾಟರಿ ಸತ್ತರೂ ಷಟರ್ ಸಾಯುವುದಿಲ್ಲ. ಮುಳ್ಳನ್ನು ಆರಿಸುವ ಸ್ವಿಚ್ಚೂ ಇಲ್ಲ. ಲೆನ್ಸಿಗೆ ಮುಚ್ಚಳ ಹಾಕಿದರೆ ಅದೇ ಸುಮ್ಮನಾಗುತ್ತದೆ. ಸೆಲ್ಫ್ ಟೈಮರ್ ಸಹ ಇಲ್ಲ. ಹಾಗಾಗಿ ಪ್ರಬಂಧಕಾರನ ಅಷ್ಟೂ ಪ್ರವಾಸಗಳ ಆಲ್ಬಮ್ಮಿನಲ್ಲಿ ಎಲ್ಲರೂ ಇದ್ದಾರೆ, ಅವನೊಬ್ಬ ಇಲ್ಲ.

ಈ ವಿಷಯದಲ್ಲಿ ಅವನಿಗೆ ಒಳ್ಳೆಯ ಜೊತೆಯಿದೆ. 1969ರ ಜುಲೈಯಲ್ಲಿ ಚಂದ್ರನ ಮೇಲೆ ಇಳಿದ ನೀಲ್ ಆರ್ಮ್‌ಸ್ಟ್ರಾಂಗ್ ಎದೆಗೆ ಸ್ವೀಡನ್ನಿನ ಹ್ಯಾಸಲ್‌ಬ್ಲಾಡ್ ಕ್ಯಾಮೆರಾ ಸಿಕ್ಕಿಸಿಕೊಂಡಿದ್ದರು. ಶಿರಸ್ತ್ರಾಣ ಹಾಕಿಕೊಂಡವರು ಕಿಂಡಿಗೆ ಕಣ್ಣು ಇಡಲಾರರು, ಕತ್ತು ಬಗ್ಗಿಸಿ ನೋಡಲೂ ಆಗದು. ಅದಕ್ಕೇ ಆ ಕ್ಯಾಮೆರಾಗೆ ನೋಡುಕಿಂಡಿಯನ್ನೇ ಇಟ್ಟಿರಲಿಲ್ಲ. ಇಡೀ ಮೈಯನ್ನೇ ಗುರಿಯ ಕಡೆ ತಿರುಗಿಸಿ ಒತ್ತಬೇಕು. ಹೆಚ್ಚು ಹೊತ್ತು ಕ್ಯಾಮೆರಾ ಇದ್ದದ್ದು ಆರ್ಮ್‌ಸ್ಟ್ರಾಂಗ್ ಬಳಿ. ಆದ್ದರಿಂದ ಲೋಕಪ್ರಸಿದ್ಧವಾದ ಆ ಚಿತ್ರದಲ್ಲಿ ನಿಂತಿರುವುದು ಬಜ್ ಆಲ್ಡ್ರಿನ್, ಮೊದಲು ಕಾಲಿಟ್ಟವರು ಆಲ್ಡ್ರಿನ್ ಮುಖಗವಚದಲ್ಲಿ ಪುಟ್ಟ ಪ್ರತಿಬಿಂಬ. ಹೊರೆ ಇಳಿಸಲು ಕ್ಯಾಮೆರಾವನ್ನು ಅಲ್ಲೇ ಬಿಟ್ಟು ಫಿಲ್ಮಿನ ಡಬ್ಬಿಯನ್ನಷ್ಟೇ ತಂದರು.

ಮಾವನ ಷಷ್ಟ್ಯಬ್ದಿಯ ದಿನ ಮನೆಯವರೆಲ್ಲ ಹಟ ಹಿಡಿದರು. ಈ ಸಲ ನೀವೂ ಫೋಟೋದಲ್ಲಿ ಇರಲೇಬೇಕು. ಬೇರೆಯವರ ಕೈಗೆ ಯಾಶಿಕಾ ಕೊಡಲು ಮಾವ ಒಪ್ಪಲಿಲ್ಲ. ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಫೋಕಸ್ ಮಾಡಿ, ಸೆಲ್ಫ್ ಟೈಮರ್ ಎಳೆದು, ಅದು ಜರ್ರೆನ್ನುತ್ತಿರುವಂತೆಯೇ ಮಡಿಪಂಚೆ ಎತ್ತಿಕೊಂಡು ಓಡಿಬಂದರು. ಪ್ರಿಂಟ್ ಬಂದಾಗ ನೋಡಿದರೆ ಮಕ್ಕಳು, ಸೊಸೆಯಂದಿರು, ಪುರೋಹಿತರು, ಎಲ್ಲರೂ ಮಾವ ಎಡವುತ್ತಾರೇನೋ ಎಂದು ಅವರ ಕಡೆಗೇ ನೋಡುತ್ತಿದ್ದಾರೆ. ಮಾವ ಮಾತ್ರ ಹಾರ ಹಾಕಿಕೊಂಡು, ಎರಡು ಕೈಯನ್ನೂ ಹೊಟ್ಟೆಯ ಮೇಲಿಟ್ಟು, ಕತ್ತು ಬಗ್ಗಿಸಿ ನಿಂತಿದ್ದಾರೆ. ಅತ್ತೆ ಆ ಕಾಪಿಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ ಹೇಳಿದರು: "ತಾಳಿ ಕಟ್ಟುವಾಗಲೂ ಇವರು ನನ್ನ ಮುಂದೆ ಇಷ್ಟು ಬಗ್ಗಿರಲಿಲ್ಲ."